ಒಂದು ಇಂಚು ಹೂಮಳೆ, ಎರಡು ಮಾತು

2025ರ ಫೆಬ್ರವರಿ ಕೊನೆಯಲ್ಲಿ ಮೂಡಿಗೆರೆ ಕಡೆಯ ಒಂದು ಹಳ್ಳಿಗೆ ಕಾಫಿ ಬೆಳೆಗಾರರ ಜೊತೆ ಮಾತಾಡಲು ಕರೆದಿದ್ದರು. ನನ್ನದು ಕೃಷಿ ಹವಾಮಾನದ ಕೆಲಸ. ಮುಂದಿನ ಐದು ದಿನ ಮಳೆ, ಬಿಸಿಲು, ಗಾಳಿ ಹೇಗಿರುತ್ತೆ ಎಂದು ನೋಡಿ, ಯಾವಾಗ ಗೊಬ್ಬರ ಹಾಕಬೇಕು, ಯಾವಾಗ ಔಷಧಿ ಹೊಡೆಯಬಾರದು ಎಂದು ಮಂಗಳವಾರ ಮತ್ತು ಶುಕ್ರವಾರ ರೈತರಿಗೆ ಬರೆದು ಕಳಿಸುತ್ತೇನೆ. ಅವತ್ತು ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿದೆ. "ಭೂಮಿ ಬಿಸಿಯಾಗ್ತಾ ಇದೆ ಅಂತಾರಲ್ಲ, ಅದರಿಂದ ನಿಮಗೇನಾದರೂ ತೊಂದರೆ ಆಗಿದೆಯಾ?"

ಮುಂದಿನ ಸಾಲಿನಲ್ಲಿ ಕೂತಿದ್ದ ಗೌಡರು ತಕ್ಷಣ ಹೇಳಿದರು. "ಎಂತ ತೊಂದರೆ ಮಾರಾಯ್ರೇ? ರೋಬಸ್ಟಾಕ್ಕೆ ಇಂಥ ರೇಟು ನನ್ನ ಜನ್ಮದಲ್ಲೇ ಕಂಡಿರಲಿಲ್ಲ."

ಬಾಗಿಲ ಹತ್ತಿರ ನಿಂತಿದ್ದವರೊಬ್ಬರು, "ಗೌಡ್ರಿಗೆ ಕೆರೆ ಇದೆ ಸರ್. ನಾವು ಮೇಲೆ ನೋಡ್ಕೊಂಡು ಕೂತಿದ್ದೀವಿ" ಎಂದರು.

ಇಬ್ಬರ ತೋಟಕ್ಕೂ ನಡುವೆ ಇರುವುದು ಒಂದೇ ಬೇಲಿ. ಒಂದೇ ಬಿಸಿಲು, ಒಂದೇ ಮೋಡ. ಆದರೂ ಒಬ್ಬರಿಗೆ ತೊಂದರೆ ಇಲ್ಲ, ಇನ್ನೊಬ್ಬರಿಗೆ ಇದೆ. ಇಬ್ಬರೂ ನಿಜವನ್ನೇ ಹೇಳಿದ್ದರು. ಜಾಗತಿಕ ತಾಪಮಾನ ಏರಿಕೆ ಕೆಟ್ಟದ್ದೋ ಅಲ್ಲವೋ ಎಂಬ ವಾದ ಎಲ್ಲಿ ಎದ್ದರೂ ನನಗೆ ಈಗ ಆ ಬೇಲಿಯೇ ನೆನಪಾಗುತ್ತೆ.

ಕಾಫಿ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಬೆಳೆಯುವ ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ರೋಬಸ್ಟಾ ಮತ್ತು ಅರೇಬಿಕಾ. ರೋಬಸ್ಟಾ ಗಿಡದ ಮೊಗ್ಗು ಬೇಸಿಗೆಯ ಒಣ ದಿನಗಳಲ್ಲಿ ಕಾಯುತ್ತಾ ಕೂತಿರುತ್ತೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಸುಮಾರು ಒಂದು ಇಂಚು ಮಳೆ ಬಿದ್ದರೆ ಒಂದು ವಾರಕ್ಕೆಲ್ಲ ತೋಟ ಬೆಳ್ಳಗಾಗುತ್ತೆ. ಅದೇ ಹೂಮಳೆ. ಎರಡು, ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಅದನ್ನು ಬ್ಯಾಕಿಂಗ್ ಅನ್ನುತ್ತಾರೆ. ಅದು ಬಂದರೆ ಕಚ್ಚಿದ ಕಾಯಿ ನಿಲ್ಲುತ್ತೆ. ಎಲ್ಲ ಸರಿಯಾಗಿ ಬಂದ ವರ್ಷ ಸರಿ. ಆದರೆ ಇಪ್ಪತ್ತು ಸೆಂಟ್ ಮಳೆ ಬಂದು ನಿಂತುಬಿಟ್ಟರೆ? (ಇಲ್ಲಿ ಇನ್ನೂ ಇಂಚು, ಸೆಂಟಲ್ಲೇ ಮಳೆ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು.) ಮೊಗ್ಗು ಅರ್ಧಂಬರ್ಧ ಎಚ್ಚರಾಗಿ ಒಣಗುತ್ತೆ. ಹೂ ಅರಳಿದ ದಿನವೇ ಜೋರು ಮಳೆ ಬಂದರೆ ಪರಾಗ ತೊಳೆದುಹೋಗುತ್ತೆ. ರೋಬಸ್ಟಾ ಹೂವಿಗೆ ಬೇರೆ ಗಿಡದ ಪರಾಗವೇ ಬೇಕು. ಹಾಗಾಗಿ ಆ ಒಂದು ದಿನ ಕೆಟ್ಟರೆ ವರ್ಷದ ಬೆಳೆಯಲ್ಲಿ ದೊಡ್ಡ ಪಾಲು ಹೋದಂತೆ.

ಗೌಡರು ಈ ಮಳೆಗೆ ಕಾಯುವುದಿಲ್ಲ. ಸ್ಪ್ರಿಂಕ್ಲರ್ ಹಚ್ಚಿ ತಮಗೆ ಬೇಕಾದ ದಿನ ಹೂ ಬಿಡಿಸುತ್ತಾರೆ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಎಷ್ಟು ಗೊತ್ತಾ? ಸುಮಾರು 1 ಲಕ್ಷ ಲೀಟರ್. ಹತ್ತು ಎಕರೆಗೆ 10 ಲಕ್ಷ ಲೀಟರ್, ಅದೂ ಬೇಸಿಗೆಯಲ್ಲಿ, ಒಂದು ಸಲಕ್ಕೆ. ಕೆರೆ, ಪಂಪ್‌ಸೆಟ್, ಡೀಸೆಲ್, ಪೈಪು ಎಳೆಯುವ ಆಳು, ಎಲ್ಲ ಇದ್ದವರಿಗೆ ಆಕಾಶದ ಹಂಗು ಕಡಿಮೆ. ಬಾಗಿಲಲ್ಲಿ ನಿಂತವರಿಗೆ ಇರುವುದು ಎರಡೂವರೆ ಎಕರೆ, ನೀರಿಗೆ ಒಂದು ತೋಡು, ಅಂದರೆ ಸಣ್ಣ ಹಳ್ಳ. ಆ ತೋಡು ಆ ವರ್ಷ ಫೆಬ್ರವರಿಗೇ ಒಣಗಿತ್ತು.

ಇನ್ನು ರೇಟಿನ ವಿಷಯ. ಗೌಡರ ಮಾತಿನಲ್ಲಿ ಸುಳ್ಳಿರಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯುವುದು ವಿಯೆಟ್ನಾಂ, ಅತಿ ಹೆಚ್ಚು ಕಾಫಿ ಬೆಳೆಯುವುದು ಬ್ರೆಜಿಲ್. ಎರಡೂ ಕಡೆ ಒಣಹವೆ, ಬಿಸಿಲು ಹೊಡೆದು ಫಸಲು ಕಡಿಮೆಯಾಗುವ ಸುದ್ದಿ ಬಂತು. 2024ರ ಸೆಪ್ಟೆಂಬರಿನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಅಲ್ಲಿನ ರೈತನ ಬೆಳೆ ಹೋಗಿದ್ದಕ್ಕೆ ಇಲ್ಲಿನ ರೈತನ ಮನೆಗೆ ಹೊಸ ಜೀಪು ಬಂತು. ಮುಂದೊಂದು ವರ್ಷ ಅಲ್ಲಿ ಒಳ್ಳೆ ಮಳೆಯಾಗಿ ಇಲ್ಲಿ ಬಿಸಿಲು ಹೊಡೆದರೆ ಇದೇ ಲೆಕ್ಕ ತಿರುಗುತ್ತೆ. ಗೌಡರಿಗೂ ಅದು ಗೊತ್ತು. ಆದರೆ ಕೈಗೆ ದುಡ್ಡು ಬಂದ ವರ್ಷ "ತೊಂದರೆ ಆಯ್ತಾ" ಅಂತ ಕೇಳಿದರೆ ಯಾರಾದರೂ ಇಲ್ಲ ಎಂದೇ ಹೇಳುತ್ತಾರೆ, ಅಲ್ವಾ?

ಬಿಸಿ ಏರಿದರೆ ಒಳ್ಳೆಯದೇ ಎನ್ನುವ ಮಾತು ಹೊಸದೇನೂ ಅಲ್ಲ. ಕಲ್ಲಿದ್ದಲು ಸುಟ್ಟು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಭೂಮಿ ಎಷ್ಟು ಬಿಸಿಯಾಗುತ್ತೆ ಎಂದು 1896ರಲ್ಲೇ ಲೆಕ್ಕ ಹಾಕಿದವರು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್. ಅವರು ಅದಕ್ಕೆ ಹೆದರಲಿಲ್ಲ. ಮುಂದಿನ ಪೀಳಿಗೆಗೆ ಹಿತವಾದ ಹವೆ ಸಿಗುತ್ತೆ, ಬೆಳೆ ಹೆಚ್ಚುತ್ತೆ ಎಂದೇ ನಂಬಿದ್ದರು. 1938ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಗೈ ಕ್ಯಾಲೆಂಡರ್ ಊರೂರಿನ ಉಷ್ಣಾಂಶದ ದಾಖಲೆ ಕೂಡಿಸಿ, ಭೂಮಿ ಆಗಲೇ ಬಿಸಿಯಾಗುತ್ತಿದೆ ಎಂದು ತೋರಿಸಿದರು. ಅವರೂ ಇದು ಉತ್ತರದ ದೇಶಗಳ ಬೇಸಾಯಕ್ಕೆ ಅನುಕೂಲ ಎಂದೇ ಬರೆದರು. ಇಬ್ಬರೂ ಚಳಿ ಊರಿನಲ್ಲಿ ಕೂತು ಯೋಚಿಸಿದವರು. ಆರು ತಿಂಗಳು ಚಳಿ ಕಾಣುವವರಿಗೆ ಎರಡು ಡಿಗ್ರಿ ಜಾಸ್ತಿ ಅಂದರೆ ವರ ಅನಿಸುವುದು ಸಹಜ. ರಾಯಚೂರಿನಲ್ಲಿ ಮೇ ತಿಂಗಳಲ್ಲಿ ಕೂತಿದ್ದರೆ ಹಾಗೆ ಬರೆಯುತ್ತಿದ್ದರೇ?

ಚಳಿ ದೇಶಕ್ಕೂ ಈ ಲೆಕ್ಕ ಪೂರ್ತಿ ಕೂಡಿಬರಲಿಲ್ಲ. ಎರಡು ಮೂರು ಡಿಗ್ರಿ ಬಿಸಿಯಾದರೆ ತುಪ್ಪಳದ ಕೋಟಿನ ಖರ್ಚು ಉಳಿಯುತ್ತೆ, ಕಾಳು ಜಾಸ್ತಿ ಬೆಳೆಯುತ್ತೆ ಎಂಬರ್ಥದ ಮಾತನ್ನು ರಷ್ಯಾದ ಅಧ್ಯಕ್ಷ ಪುಟಿನ್ 2003ರಲ್ಲಿ ಆಡಿದ್ದರು. 2010ರಲ್ಲಿ ಅಲ್ಲೇ ಬಿಸಿಗಾಳಿ ಬೀಸಿ ಗೋಧಿ ಒಣಗಿತು. ಆ ಆಗಸ್ಟಿನಲ್ಲಿ ರಷ್ಯಾ ಗೋಧಿ ರಫ್ತನ್ನೇ ನಿಲ್ಲಿಸಿತು. ನಮ್ಮಲ್ಲಿ 2022ರ ಮಾರ್ಚ್, 1901ರಿಂದ ಇಟ್ಟ ದಾಖಲೆಯಲ್ಲೇ ಅತಿ ಬಿಸಿಯ ಮಾರ್ಚ್. ಉತ್ತರ ಭಾರತದ ಗೋಧಿ ಕಾಳು ತುಂಬುವ ಹೊತ್ತಿಗೆ ಸುಟ್ಟು ಜೊಳ್ಳಾಯಿತು. ಮೇ ತಿಂಗಳಲ್ಲಿ ನಾವೂ ರಫ್ತು ನಿಲ್ಲಿಸಿದೆವು.

ನನ್ನ ಸಭೆಗಳಲ್ಲಿ ಓದಿಕೊಂಡ ಹುಡುಗರು ಎತ್ತುವ ಪ್ರಶ್ನೆ ಬೇರೆ. "ಸರ್, ಇಂಗಾಲದ ಡೈಆಕ್ಸೈಡ್ ಅಂದ್ರೆ ಗಿಡಕ್ಕೆ ಊಟ ಅಲ್ವಾ? ಜಾಸ್ತಿ ಆದ್ರೆ ಬೆಳೆ ಜಾಸ್ತಿ ಬರಬೇಕಲ್ಲ?" ಒಳ್ಳೆಯ ಪ್ರಶ್ನೆ. ಹೌದು, ಊಟವೇ. ಕಾರ್ಖಾನೆಗಳ ಕಾಲಕ್ಕೆ ಮೊದಲು ಗಾಳಿಯ 10 ಲಕ್ಷ ಕಣದಲ್ಲಿ 280ರಷ್ಟಿದ್ದದ್ದು ಈಗ 420 ದಾಟಿದೆ. ಭತ್ತ, ತೊಗರಿ, ಶೇಂಗಾ, ಹತ್ತಿ, ಕಾಫಿ ಇದರಿಂದ ಸ್ವಲ್ಪ ಹಿಗ್ಗುತ್ತವೆ. ಆದರೆ ರಾಗಿ, ಜೋಳ, ಮುಸುಕಿನ ಜೋಳ, ಕಬ್ಬು ಬೇರೆ ಜಾತಿಯ ಗಿಡಗಳು. ಗಾಳಿಯಿಂದ ಇಂಗಾಲ ಹಿಡಿದಿಡುವ ಒಳಗಿನ ಏರ್ಪಾಡು ಅವಕ್ಕೆ ಮೊದಲೇ ಇದೆ. ಹಾಗಾಗಿ ಹೊಸ ಊಟದಿಂದ ಹೆಚ್ಚೇನೂ ಲಾಭವಿಲ್ಲ. ಅಂದರೆ ಬಯಲುಸೀಮೆಯವರ ಮುದ್ದೆಗೂ ರೊಟ್ಟಿಗೂ ಈ ಬೋನಸ್ ಇಲ್ಲ. ಲಾಭ ಸಿಗುವ ಭತ್ತ, ಗೋಧಿಯಲ್ಲೂ ಒಂದು ಕೊರತೆ ಇದೆ. ಹೆಚ್ಚು ಇಂಗಾಲದಲ್ಲಿ ಬೆಳೆದ ಕಾಳಿನಲ್ಲಿ ಪ್ರೋಟೀನ್, ಸತು, ಕಬ್ಬಿಣ ಕಡಿಮೆಯಾಗುತ್ತೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಜೊತೆಗೆ ರಾತ್ರಿಯ ಸೆಕೆ. ಹಗಲು ಮಾಡಿಟ್ಟ ಅಡುಗೆಯನ್ನು ಗಿಡ ಬಿಸಿ ರಾತ್ರಿಯಲ್ಲಿ ತಾನೇ ತಿಂದು ಮುಗಿಸುತ್ತೆ, ಕಾಳಿಗೆ ಉಳಿಯುವುದು ಕಡಿಮೆ. ಫಿಲಿಪ್ಪೀನ್ಸ್‌ನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗದ್ದೆಗಳಲ್ಲಿ, ಬೇಸಿಗೆ ಬೆಳೆಯ ರಾತ್ರಿಯ ಉಷ್ಣಾಂಶ 1 ಡಿಗ್ರಿ ಏರಿದಾಗ ಇಳುವರಿ ಸುಮಾರು ಶೇ. 10 ಇಳಿದದ್ದು ದಾಖಲಾಗಿದೆ.

"ಭೂಮಿ ಒಂದೂವರೆ ಡಿಗ್ರಿ ಬಿಸಿಯಾದ್ರೆ ಏನ್ ಮಹಾ? ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುತ್ತೆ" ಎನ್ನುವವರೂ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಿನ ಆವಿ ಹಿಡಿಯಬಲ್ಲದು. ಮಳೆ ಇಲ್ಲದಾಗ ಮಣ್ಣಿನಿಂದ ಜಾಸ್ತಿ ಹೀರುತ್ತೆ, ಮಳೆ ಬಂದಾಗ ಒಮ್ಮೆಲೇ ಸುರಿಯುತ್ತೆ. ಬರವೂ ಜೋರು, ನೆರೆಯೂ ಜೋರು ಎಂಬ ಮಾತಿನ ಮೂಲ ಇಲ್ಲಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ಕಂಡವರಿಗೆ ಒಮ್ಮೆಲೇ ಸುರಿಯುವುದು ಅಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಅಲ್ಲಿ ಗುಡ್ಡ ಕಡಿದು ಮನೆ, ರಸ್ತೆ ಮಾಡಿದ್ದೂ ಸೇರಿಕೊಂಡಿತ್ತು, ಅದನ್ನು ಮುಚ್ಚಿಡಬಾರದು.

ಅದೇ ಸಭೆಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದರು. ಊರಿಗೆಲ್ಲ ಅವರು ದೊಡ್ಡಪ್ಪ. ಅವರ ವಾದ ಗಟ್ಟಿಯಾಗಿತ್ತು. "ಧಾತು ಈಶ್ವರದ ಬರದಲ್ಲಿ ಜನ ಬೀದೀಲಿ ಸತ್ತರಂತೆ. ಆಗ ಎಲ್ಲಿತ್ತಪ್ಪ ಕಾರು, ಲಾರಿ?"

ಧಾತು, ಈಶ್ವರ ಸಂವತ್ಸರ ಅಂದರೆ 1876ರಿಂದ 78. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತ ಬರ. ದೊಡ್ಡಪ್ಪ ಹೇಳಿದ್ದು ಸರಿ. ಅದಕ್ಕೆ ಒಂದು ದೊಡ್ಡ ಕಾರಣ ಪೆಸಿಫಿಕ್ ಸಾಗರದಲ್ಲಿ ಎದ್ದ ಭಾರೀ ಎಲ್ ನಿನೋ, ಅಂದರೆ ಅಲ್ಲಿನ ನೀರು ಮಾಮೂಲಿಗಿಂತ ಬಿಸಿಯಾಗುವುದು. ಹಾಗಾದ ವರ್ಷ ನಮ್ಮ ಮುಂಗಾರು ಎಷ್ಟೋ ಸಲ ಸೊರಗುತ್ತೆ. 2023ರಲ್ಲೂ ಎಲ್ ನಿನೋ ಎದ್ದಿತ್ತು, ನಮ್ಮ ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಈ ಏರಿಳಿತ ಮೊದಲೂ ಇತ್ತು, ಮುಂದೂ ಇರುತ್ತೆ. ಈಗ ಅದು ಬಿಸಿಯೇರಿದ ನೆಲದ ಮೇಲೆ ಬಂದು ಕೂರುತ್ತಿದೆ, ವ್ಯತ್ಯಾಸ ಅದು. ಆದರೆ ಅವತ್ತು ನನ್ನ ಮನಸ್ಸು ಇನ್ನೊಂದು ಕಡೆ ಹೋಯಿತು. 1876ರ ಬರ ತಂದದ್ದು ಸಮುದ್ರ ಇರಬಹುದು. ಆದರೆ ಅಷ್ಟು ಜನ ಸತ್ತದ್ದು ಕಾಳು ಕೈಗೆಟುಕದೆ. ಅದೇ ಹೊತ್ತಿಗೆ ದೇಶದಿಂದ ಹೊರಕ್ಕೆ ಗೋಧಿ ಹೋಗುತ್ತಿತ್ತು. 2023ರಲ್ಲಿ ಬರ ಇದ್ದರೂ ಯಾರೂ ಬೀದಿಯಲ್ಲಿ ಹಸಿವಿನಿಂದ ಸಾಯಲಿಲ್ಲ. ಪಡಿತರ ಅಂಗಡಿ ಇತ್ತು. ಬಿಸಿಲಿಗೂ ಮನುಷ್ಯನಿಗೂ ನಡುವೆ ಏನಿದೆ ಎಂಬುದರ ಮೇಲೆ ನಷ್ಟದ ಅಳತೆ ನಿಂತಿರುತ್ತೆ. ಗೌಡರಿಗೆ ಕೆರೆ ಇದೆ. ಬೆಂಗಳೂರಿನ ಆಫೀಸಿನವರಿಗೆ ಎ.ಸಿ. ಇದೆ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಮುಟ್ಟಿದಾಗ ಎ.ಸಿ. ಒಳಗೆ ಕೂತವರಿಗೆ ಅದು ಫೋನಿನಲ್ಲಿ ಬಂದ ಒಂದು ಅಂಕಿ. ಮೂರನೇ ಮಹಡಿಯ ಸೆಂಟ್ರಿಂಗ್ ಮೇಲೆ ಕಂಬಿ ಕಟ್ಟುತ್ತಿದ್ದ ಯಾದಗಿರಿಯ ಹುಡುಗನಿಗೆ ಕಂಬಿಯೇ ಮುಟ್ಟಲಾಗುತ್ತಿರಲಿಲ್ಲ. ಈ ಇಬ್ಬರನ್ನೂ ಒಂದೇ ಪ್ರಶ್ನೆ ಕೇಳಿ, ಬಂದ ಉತ್ತರಗಳ ಸರಾಸರಿ ತೆಗೆದು ಜನಾಭಿಪ್ರಾಯ ಎಂದು ಕರೆದರೆ ಯಾರ ನಿಜವೂ ಅದರಲ್ಲಿ ಸಿಗುವುದಿಲ್ಲ.

ಪ್ರಶ್ನೆ ಕೇಳುವ ರೀತಿಯೂ ಉತ್ತರ ಬದಲಿಸುತ್ತೆ. 2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಭಾರತದಲ್ಲಿ ಸಮೀಕ್ಷೆ ಮಾಡಿದಾಗ, ಜಾಗತಿಕ ತಾಪಮಾನ ಏರಿಕೆ ಎಂಬ ಮಾತನ್ನೇ ಕೇಳಿಲ್ಲ ಅಥವಾ ಗೊತ್ತಿಲ್ಲ ಎಂದವರು ಶೇ. 41. ಹಾಗೆಂದರೆ ಏನು ಎಂದು ನಾಲ್ಕು ಸಾಲಿನಲ್ಲಿ ವಿವರಿಸಿದ ಮೇಲೆ ಶೇ. 72 ಜನ ಹೌದು, ಅದು ಆಗುತ್ತಿದೆ ಎಂದರು. ಹೆಸರು ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ನನಗೂ ಇದೇ ಅನುಭವ. ಮೊದಲ ವರ್ಷಗಳಲ್ಲಿ ನಾನು ಪರದೆಯ ಮೇಲೆ ಗ್ರಾಫ್ ತೋರಿಸುತ್ತಿದ್ದೆ. ಜನ ಸುಮ್ನೆ ಕೂತಿರುತ್ತಿದ್ದರು. ಈಗ ಹವಾಮಾನ ಬದಲಾವಣೆ ಎಂಬ ಮಾತನ್ನೇ ಮೊದಲು ಎತ್ತುವುದಿಲ್ಲ. ಹೂಮಳೆ ಯಾವ ವಾರ ಬಂತು, ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ಎಷ್ಟು ಸಲ ಹೊಡೆದಿರಿ, ಕಣದಲ್ಲಿ ಕಾಫಿ ಒಣಗಲು ಎಷ್ಟು ದಿನ ಹಿಡಿಯಿತು ಎಂದು ಕೇಳುತ್ತೇನೆ. ಆಮೇಲೆ ಅವರೇ ಮಾತಾಡುತ್ತಾರೆ, ನಾನು ಬರೆದುಕೊಳ್ಳುತ್ತೇನೆ.

ಸಭೆ ಮುಗಿದ ಮೇಲೆ ದೊಡ್ಡಪ್ಪ ನನ್ನನ್ನು ಮನೆಗೆ ಕರೆದರು. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ಒಳಗಿನಿಂದ ಉದ್ದನೆಯ ಹಳೇ ಲೆಕ್ಕದ ಪುಸ್ತಕ ತಂದರು. ಅವರ ಅಪ್ಪನ ಕಾಲದಿಂದ ಬರೆದ ಮಳೆ ಪುಸ್ತಕ. ಅಂಗಳದಲ್ಲಿ ಮಳೆ ಮಾಪಕ ಇನ್ನೂ ಇದೆ. "ನೋಡಿ, ವರ್ಷದ ಮಳೆ ಅವತ್ತೂ ನೂರಿಂಚು, ಇವತ್ತೂ ನೂರಿಂಚು. ಏನು ಬದಲಾಗಿದೆ ಹೇಳಿ?" ಎಂದರು.

ನಾನು ವಾದ ಮಾಡಲಿಲ್ಲ. ನವೆಂಬರ್, ಡಿಸೆಂಬರಿನ ಹಾಳೆಗಳನ್ನು ಮಾತ್ರ ನೋಡೋಣ ಎಂದೆ. ಅದು ಅರೇಬಿಕಾ ಹಣ್ಣು ಕುಯ್ದು ಕಣದಲ್ಲಿ ಹರಡುವ ಕಾಲ. ಆಗ ಆಕಾಶ ಒಣಗಿರಬೇಕು. ಅವರ ಅಪ್ಪನ ಅಕ್ಷರದ ಹಾಳೆಗಳಲ್ಲಿ ಆ ತಿಂಗಳ ಸಾಲುಗಳು ಹೆಚ್ಚುಕಡಿಮೆ ಖಾಲಿ. ದೊಡ್ಡಪ್ಪನ ಅಕ್ಷರಕ್ಕೆ ಬಂದ ಮೇಲೆ, ಅದರಲ್ಲೂ ಈಚಿನ ಹಾಳೆಗಳಲ್ಲಿ, ಮೂವತ್ತು ಸೆಂಟ್, ಎಂಬತ್ತು ಸೆಂಟ್, ಒಂದೂಕಾಲು ಇಂಚು. 2021ರ ನವೆಂಬರ್ ಹಾಳೆಯಲ್ಲಂತೂ ಖಾಲಿ ಸಾಲು ಹುಡುಕಬೇಕಿತ್ತು. ಆ ವರ್ಷ ಗಿಡದಲ್ಲೇ ಹಣ್ಣು ಒಡೆದು ಉದುರಿದ್ದು, ಕಣದಲ್ಲಿದ್ದದ್ದು ಬೂಸ್ಟು ಹಿಡಿದದ್ದು ಮಲೆನಾಡಿಗೆಲ್ಲ ನೆನಪಿದೆ. ಒಂದು ಮನೆಯ ಪುಸ್ತಕದಿಂದ ಇಡೀ ಭೂಮಿಯ ವಿಷಯ ಸಾಬೀತಾಗುವುದಿಲ್ಲ, ಅದನ್ನು ಅವರಿಗೂ ಹೇಳಿದೆ. ಅರಬ್ಬಿ ಸಮುದ್ರ ಬಿಸಿಯಾಗಿರುವುದು, ಅಲ್ಲಿ ಚಂಡಮಾರುತಗಳು ಮೊದಲಿಗಿಂತ ಹೆಚ್ಚಿರುವುದು ಬೇರೆ ಅಳತೆಗಳಿಂದ ಗೊತ್ತಾದ ಸಂಗತಿ ಎಂದೂ ಹೇಳಿದೆ.

ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪನ ಅಕ್ಷರದ ಹಾಳೆಗೊಮ್ಮೆ, ತಮ್ಮ ಅಕ್ಷರದ ಹಾಳೆಗೊಮ್ಮೆ ತಿರುಗಿಸಿ ನೋಡಿದರು. ಭೂಮಿ ಬಿಸಿಯಾಗುವ ಬಗ್ಗೆ ಅವರು ಮತ್ತೆ ಮಾತೆತ್ತಲಿಲ್ಲ. ಪುಸ್ತಕ ಮುಚ್ಚಿ, ಮಗನನ್ನು ಕೂಗಿ ಕರೆದರು.

"ಬರೋ ಕುಯ್ಲಿಗೆ ಕಣಕ್ಕೆ ಇನ್ನೆಷ್ಟು ಟಾರ್ಪಾಲು ಬೇಕಾಗುತ್ತೆ, ಒಂದು ಲೆಕ್ಕ ಹಾಕೋ. ಆಚೆ ಮನೆಯವರಿಗೂ ಸೇರಿಸಿ ಹಾಕು, ಅವರ ಹತ್ರ ಒಂದೂ ಇಲ್ಲ."