ಮೂವತ್ತು ಸೆಕೆಂಡಿನಲ್ಲಿ 952

ನಿಮ್ಮ ಮುಂದೆ ಆರು ಸಂಖ್ಯೆಗಳಿವೆ: 25, 50, 75, 100, 3, 6. ಕೂಡಿಸಿ, ಕಳೆಯಿರಿ, ಗುಣಿಸಿ, ಭಾಗಿಸಿ, ಏನು ಬೇಕಾದರೂ ಮಾಡಿ. ಉತ್ತರ ಮಾತ್ರ 952 ಬರಬೇಕು. ಒಂದು ಸಂಖ್ಯೆಯನ್ನು ಒಂದೇ ಸಲ ಬಳಸಬಹುದು. ಎಲ್ಲವನ್ನೂ ಬಳಸಲೇಬೇಕು ಅಂತೇನಿಲ್ಲ. ಮಧ್ಯದಲ್ಲಿ ಎಲ್ಲೂ ಭಿನ್ನರಾಶಿ ಬರುವಂತಿಲ್ಲ. ಕೈಯಲ್ಲಿ ಪೆನ್ನು, ಕಾಗದ ಇದೆ. ಸಮಯ 30 ಸೆಕೆಂಡು.

1997ರಲ್ಲಿ ಬ್ರಿಟನ್ನಿನ ‘ಕೌಂಟ್‌ಡೌನ್’ ಎಂಬ ಟೀವಿ ಸ್ಪರ್ಧೆಯಲ್ಲಿ ಇದೇ ಲೆಕ್ಕ ಬಂದಿತ್ತು. ಒಬ್ಬ ಸ್ಪರ್ಧಿ ಉತ್ತರ ಸಿಕ್ಕಿದೆ ಅಂದ. 100ಕ್ಕೆ 6 ಕೂಡಿಸಿದರೆ 106. ಅದನ್ನು 3ರಿಂದ ಗುಣಿಸಿದರೆ 318. ಅದನ್ನು 75ರಿಂದ ಗುಣಿಸಬೇಕು ಅಂದಾಗ ಸ್ಟುಡಿಯೋದಲ್ಲಿ ನಗು ಎದ್ದಿತು. ಬೋರ್ಡಿನ ಮುಂದೆ ನಿಂತು ಹೆಜ್ಜೆಗಳನ್ನು ಬರೆದುಕೊಳ್ಳುತ್ತಿದ್ದ ಕ್ಯಾರಲ್ ವೋರ್ಡರ್‌ಮನ್ ಲೆಕ್ಕದಲ್ಲಿ ತಾವೇ ಗಟ್ಟಿಗರು. ಆದರೂ ಇದು ಎಲ್ಲಿಗೆ ಹೋಗುತ್ತಿದೆ ಅನ್ನೋದು ಸುಲಭಕ್ಕೆ ಹೊಳೆಯುವಂತಿರಲಿಲ್ಲ. 23,850 ಆಯಿತು. 50 ಕಳೆದ, 23,800. 25ರಿಂದ ಭಾಗಿಸಿದ, 952!

ಕೌಂಟ್‌ಡೌನ್ ಶುರುವಾಗಿದ್ದು 1982ರ ನವೆಂಬರ್ 2ರಂದು. ಚಾನೆಲ್ 4 ಹುಟ್ಟಿದ ದಿನ ಅದರಲ್ಲಿ ಬಂದ ಮೊದಲ ಕಾರ್ಯಕ್ರಮವೇ ಇದು. ಮೂಲ ಫ್ರಾನ್ಸಿನದು. ಒಂದು ಸುತ್ತಿನಲ್ಲಿ ಒಂಬತ್ತು ಅಕ್ಷರ ಕೊಟ್ಟು ಅದರಲ್ಲಿ ಸಿಗುವ ಉದ್ದದ ಪದ ಕೇಳುತ್ತಾರೆ, ಇನ್ನೊಂದರಲ್ಲಿ ಮೇಲಿನಂಥ ಲೆಕ್ಕ. ಲೆಕ್ಕ ಸರಿಯಾಗಿ ಬಂದರೆ 10 ಅಂಕ. 5ರ ಅಂತರದಲ್ಲಿದ್ದರೆ 7, 10ರ ಅಂತರದಲ್ಲಿದ್ದರೆ 5.

ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನಲ್ಲಿ ಕಾಫಿಗೆ ಸೇರುವ ನಮ್ಮ ಗುಂಪಿನಲ್ಲಿ ಈ ವಿಡಿಯೋ ಆಗಾಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಪ್ರತಿ ಸಲವೂ ಅದೇ ಜಗಳ. ಸಾಫ್ಟ್‌ವೇರಿನಲ್ಲಿರುವ ಹುಡುಗನ ಪ್ರಕಾರ ಆ ಮನುಷ್ಯನ ತಲೆಯೊಳಗೆ ಕಂಪ್ಯೂಟರ್ ಇದೆ. ‘ಸುಮ್ನೆ ಇರಯ್ಯ, ಎಲ್ಲ ಮೊದಲೇ ಹೇಳಿಕೊಟ್ಟಿರುತ್ತಾರೆ’ ಅನ್ನುವವರು ಇನ್ನೊಬ್ಬರು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಮಾತ್ರ ‘ನೋಡ್ರಪ್ಪ, ಅವನು 318ನ್ನು 75ರಿಂದ ಗುಣಿಸಿಯೇ ಇಲ್ಲ’ ಅಂತಾರೆ. ನನ್ನ ಓಟು ಹಿರಿಯರಿಗೆ.

ಕಂಪ್ಯೂಟರಿನ ಮಾತನ್ನು ಮೊದಲು ನೋಡೋಣ. ಕಂಪ್ಯೂಟರ್ ಈ ಲೆಕ್ಕವನ್ನು ಎಲ್ಲ ದಾರಿಗಳನ್ನೂ ಹುಡುಕಿ ಬಿಡಿಸುತ್ತದೆ. ಆರು ಸಂಖ್ಯೆಗಳಲ್ಲಿ ಎರಡನ್ನು ಆರಿಸಲು 15 ದಾರಿ. ಆ ಎರಡರ ಮೇಲೆ ನಾಲ್ಕು ಕ್ರಿಯೆ, ಅಂದರೆ 60. ಈಗ ಐದು ಸಂಖ್ಯೆ ಉಳಿದವು, ಅದಕ್ಕೆ 40 ದಾರಿ. ಆಮೇಲೆ 24, 12, 4. ಎಲ್ಲವನ್ನೂ ಗುಣಿಸಿದರೆ 27,64,800. ಇದು ಸ್ಥೂಲ ಲೆಕ್ಕ. ಒಂದೇ ದಾರಿ ಎರಡೆರಡು ಸಲ ಎಣಿಕೆಗೆ ಬಂದಿದೆ, ಭಾಗವಾಗದವೂ ಇದರಲ್ಲಿ ಸೇರಿವೆ. ಇರಲಿ. ಸೆಕೆಂಡಿಗೆ ಒಂದು ದಾರಿ ನೋಡಿದರೂ ಹಗಲೂ ರಾತ್ರಿ ಕೂತು ಸರಿಯಾಗಿ 32 ದಿನ ಬೇಕು. ಸ್ಪರ್ಧಿಗೆ ಇದ್ದಿದ್ದು 30 ಸೆಕೆಂಡು. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಮನುಷ್ಯ ಈ ದಾರಿ ಹಿಡಿದರೆ ಮುಗಿಯಿತು. ಹಾಗಾಗಿ ಅವನು ಹುಡುಕಿಲ್ಲ, ಬೇರೇನೋ ಮಾಡಿದ್ದಾನೆ.

ಅವನ ಹೆಜ್ಜೆಗಳನ್ನು ಹಿಂದಿನಿಂದ ನೋಡಿ. ಕೊನೆಗೆ 25ರಿಂದ ಭಾಗಿಸುತ್ತಾನೆ. ಹಾಗಾದರೆ 75 ನಿಜಕ್ಕೂ ಮಾಡುವ ಕೆಲಸ 3ರದು, 50 ಮಾಡುವ ಕೆಲಸ 2ರದು. ಒಂದೇ ಒಂದು 25ನ್ನು ಖರ್ಚು ಮಾಡಿ ಎರಡು ದೊಡ್ಡ ಸಂಖ್ಯೆಗಳನ್ನು ಪುಟ್ಟದಾಗಿಸಿಕೊಂಡ. ಉಳಿದಿದ್ದು ಇಷ್ಟೇ: 106 ಒಂಬತ್ತಲೆ 954, ಅದರಲ್ಲಿ 2 ಹೋದರೆ 952. ಆ 23,850 ಎಲ್ಲ ನಿಯಮಕ್ಕೆ ತಕ್ಕಂತೆ ಬೋರ್ಡಿನ ಮೇಲೆ ಬರೆಸಲು ಬೇಕಾದ ದೊಡ್ಡ ಮೊತ್ತ ಅಷ್ಟೇ.

ನಮ್ಮ ಹಿರಿಯರಿಗೆ ಇದು ಥಟ್ಟನೆ ಕಂಡಿದ್ದು ಯಾಕೆ ಗೊತ್ತಾ? ಅವರು ಕಾಲು, ಅರೆ, ಮುಕ್ಕಾಲು ಮಗ್ಗಿ ಬಾಯಿಪಾಠ ಮಾಡಿದ ಕಾಲದವರು. 25, 50, 75, 100 ಅಂದರೆ ಅವರಿಗೆ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ, ರೂಪಾಯಿ. ಹನ್ನೆರಡಾಣೆಯಲ್ಲಿ ಎಷ್ಟು ನಾಲ್ಕಾಣೆ ಅಂತ ಯಾರಾದರೂ ಭಾಗಾಕಾರ ಮಾಡುತ್ತಾರಾ? ನಮಗೆ ನಾಲ್ಕು ಬಿಡಿ ಸಂಖ್ಯೆಗಳಾಗಿ ಕಂಡಿದ್ದು ಅವರಿಗೆ ಮೊದಲಿಂದಲೂ ಒಂದೇ ಗಂಟು.

ತಮಾಷೆ ಅಂದರೆ, ಇದಕ್ಕಿಂತ ಸುಲಭದ ದಾರಿ ಒಂದಿತ್ತು. 6ನ್ನು 75ರಿಂದ ಗುಣಿಸಿ 50ರಿಂದ ಭಾಗಿಸಿದರೆ 9. 100ಕ್ಕೆ 3 ಕೂಡಿಸಿದರೆ 103. 103 ಒಂಬತ್ತಲೆ 927, ಅದಕ್ಕೆ 25 ಸೇರಿಸಿದರೆ 952. ಎಲ್ಲೂ ಸಾವಿರ ದಾಟುವ ಗುಣಾಕಾರವೇ ಇಲ್ಲ. ಇದನ್ನು ನೋಡಿದವರು ಆ ಸ್ಪರ್ಧಿ ಸುಮ್ನೆ ಕಷ್ಟಪಟ್ಟ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲ ದಾರಿ ತೂಗಿ ನೋಡಿ ಸುಲಭದ್ದನ್ನು ಆರಿಸುವುದು ಯಂತ್ರದ ಕೆಲಸ. ಪಳಗಿದ ಮನುಷ್ಯ ತನಗೆ ಮೊದಲು ಕಂಡ ಪರಿಚಿತ ಗಂಟನ್ನು ಹಿಡಿದು ಹೊರಟುಬಿಡುತ್ತಾನೆ. ಅವನ ಉತ್ತರದ ಆ ವಕ್ರ ದಾರಿಯೇ ಅವನು ಕಂಪ್ಯೂಟರ್ ಅಲ್ಲ ಅನ್ನೋದಕ್ಕೆ ಸಾಕ್ಷಿ.

ಮನೋವಿಜ್ಞಾನದಲ್ಲಿ ಇದು ಹಳೆಯ ಪಾಠ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚೆಸ್ ಆಟಗಾರರಿಗೆ ಬೋರ್ಡನ್ನು ಐದು ಸೆಕೆಂಡು ತೋರಿಸಿ ಮುಚ್ಚಿಟ್ಟರು. ನಿಜವಾದ ಆಟದ ಸ್ಥಿತಿಯಾದರೆ ಮಾಸ್ಟರ್ ಆಟಗಾರ ಕಾಯಿಗಳನ್ನು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ಮತ್ತೆ ಜೋಡಿಸಿದ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟಾಗ ಅವನ ಹೆಚ್ಚುಗಾರಿಕೆ ಮಾಯ. ಅವನ ನೆನಪು ದೊಡ್ಡದಿರಲಿಲ್ಲ, ಕಂಡಿದ್ದ ಗಂಟುಗಳು ಜಾಸ್ತಿ ಇದ್ದವು.

ಪದದ ಸುತ್ತಿನಲ್ಲೂ ಇದೇ ಕಥೆ. ಒಂಬತ್ತು ಬೇರೆ ಬೇರೆ ಅಕ್ಷರಗಳನ್ನು 3,62,880 ರೀತಿ ಜೋಡಿಸಬಹುದು. ಒಳ್ಳೆಯ ಸ್ಪರ್ಧಿ ಅಷ್ಟನ್ನೂ ತಡಕಾಡುವುದಿಲ್ಲ. ಐ, ಎನ್, ಜಿ ಒಟ್ಟಿಗೆ ಕಂಡರೆ ಅದನ್ನು ಬಾಲವಾಗಿ ಪಕ್ಕಕ್ಕಿಟ್ಟು ಉಳಿದ ಆರರಲ್ಲಿ ಕೈಯಾಡಿಸುತ್ತಾನೆ. ಇದು ಎಷ್ಟರ ಮಟ್ಟಿಗೆ ಹೋಗಬಹುದು ಅನ್ನೋದಕ್ಕೆ ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಇದ್ದಾರೆ. ಫ್ರೆಂಚ್ ಮಾತಾಡಲು ಬಾರದ ಈತ 2015ರಲ್ಲಿ ಫ್ರೆಂಚ್ ಭಾಷೆಯ ಸ್ಕ್ರಾಬಲ್ (ಅಕ್ಷರಗಳಿಂದ ಪದ ಕಟ್ಟುವ ಆಟ) ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. ಪದದ ಅರ್ಥ ಅವರಿಗೆ ಬೇಕಾಗಿಯೇ ಇಲ್ಲ, ಅಕ್ಷರಗಳ ಸಾಲು ಗೊತ್ತಿದ್ದರೆ ಸಾಕು. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದವರು ಸ್ಕ್ರಾಬಲ್ ಪಟುಗಳನ್ನು ಪರೀಕ್ಷಿಸಿ 2012ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು. ಪದವನ್ನು ಗುರುತಿಸುವಾಗ ಆ ಆಟಗಾರರು ಅರ್ಥವನ್ನು ಉಳಿದವರಿಗಿಂತ ಕಡಿಮೆ ನೆಚ್ಚುತ್ತಾರೆ. ಮೇಲಿಂದ ಕೆಳಗೆ ಬರೆದ ಪದಗಳನ್ನೂ ಬೇಗ ಓದುತ್ತಾರೆ.

ಈ ಚರ್ಚೆ ಬೆಂಗಳೂರಿನಲ್ಲಿ ನಡೆದರೆ ಶಕುಂತಲಾದೇವಿಯವರ ಹೆಸರು ಬಾರದೆ ಇರುತ್ತಾ? 1929ರಲ್ಲಿ ಇಲ್ಲೇ ಹುಟ್ಟಿದವರು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಅವರದು ಹುಟ್ಟಿನಿಂದಲೇ ವೇಗದ ಮಿದುಳು ಅಂತ ನಾವೆಲ್ಲ ನಂಬಿಕೊಂಡೇ ಬೆಳೆದವರು. 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಎಂಬ ಮನೋವಿಜ್ಞಾನಿ ಶಕುಂತಲಾದೇವಿಯವರನ್ನು ಪರೀಕ್ಷಿಸಿದರು. ಜೆನ್ಸನ್ ಬುದ್ಧಿಮತ್ತೆಗೆ ಹುಟ್ಟೇ ಮುಖ್ಯ ಎಂದು ವಾದಿಸಿ ದೊಡ್ಡ ವಿವಾದ ಎಬ್ಬಿಸಿದ್ದವರು. ಶಕುಂತಲಾದೇವಿಯವರು ಘನಮೂಲಗಳನ್ನು ಜೆನ್ಸನ್ ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ ಹೇಳಿದರು. ಆದರೆ ದೀಪ ಹೊತ್ತಿದ ಕೂಡಲೇ ಬಟನ್ ಒತ್ತುವಂಥ ಸಾದಾ ಪರೀಕ್ಷೆಗಳಲ್ಲಿ ಅವರ ವೇಗ ಎಲ್ಲರ ಹಾಗೇ ಇತ್ತು! ಇದನ್ನು 1990ರಲ್ಲಿ ಪ್ರಕಟಿಸಿದವರು ಅದೇ ಜೆನ್ಸನ್.

ಶಕುಂತಲಾದೇವಿಯವರು ಬಿಡಿಸಿದ ಒಂದು ಲೆಕ್ಕ 6,16,29,875ರ ಘನಮೂಲ. ಉತ್ತರ ಪೂರ್ಣಸಂಖ್ಯೆ ಅಂತ ಗೊತ್ತಿದ್ದರೆ ನಾವೂ ಪ್ರಯತ್ನಿಸಬಹುದು. ಕೊನೆಯ ಅಂಕಿ 5, ಹಾಗಾಗಿ ಮೂಲದ ಕೊನೆಯ ಅಂಕಿಯೂ 5. 400ರ ಘನ 6 ಕೋಟಿ 40 ಲಕ್ಷ. ನಮ್ಮ ಸಂಖ್ಯೆ ಅದಕ್ಕಿಂತ ಸ್ವಲ್ಪ ಕಡಿಮೆ. ಅಂದರೆ 395 ಇರಬೇಕು. 385 ಆಗಿದ್ದರೆ ಘನ 5 ಕೋಟಿ 70 ಲಕ್ಷದ ಆಸುಪಾಸಿನಲ್ಲಿರುತ್ತಿತ್ತು. ಉತ್ತರ 395. ಶಕುಂತಲಾದೇವಿಯವರ ಸಾಧನೆ ಇಷ್ಟು ಅಗ್ಗ ಅಂತ ಹೇಳುತ್ತಿಲ್ಲ. ದೈತ್ಯ ಸಂಖ್ಯೆಯೊಂದು ಒಳಗಿನ ಸಂಬಂಧ ತಿಳಿದವರ ಮುಂದೆ ಎಷ್ಟು ಬೇಗ ಮೆತ್ತಗಾಗುತ್ತದೆ ನೋಡಿ.

ಪದ, ಸಂಖ್ಯೆ ಎರಡನ್ನೂ ಒಂದೇ ವೇದಿಕೆಗೆ ತರುವ ಆಟ ನಮ್ಮಲ್ಲೂ ಇದೆ. ಅಷ್ಟಾವಧಾನ. ಶತಾವಧಾನಿ ಆರ್. ಗಣೇಶ್ ಅವರ ಅವಧಾನ ನೋಡಿದ ಬೆಂಗಳೂರಿಗರಿಗೆ ಕೌಂಟ್‌ಡೌನ್ ಮಕ್ಕಳಾಟ ಅನ್ನಿಸಿದರೆ ತಪ್ಪೇನಿಲ್ಲ. ನಿಷೇಧಾಕ್ಷರಿಯಲ್ಲಿ ಪೃಚ್ಛಕರು, ಅಂದರೆ ಸವಾಲು ಹಾಕುವವರು, ಹೆಜ್ಜೆಹೆಜ್ಜೆಗೂ ಈ ಅಕ್ಷರ ಬೇಡ ಅನ್ನುತ್ತಾ ಹೋಗುತ್ತಾರೆ, ಅವಧಾನಿ ಛಂದಸ್ಸು ಕೆಡದಂತೆ ಪದ್ಯ ಕಟ್ಟುತ್ತಾರೆ. ಸಂಖ್ಯಾಬಂಧದಲ್ಲಿ 25 ಮನೆಗಳ ಚೌಕ. ಪೃಚ್ಛಕರು ಒಂದು ಮೊತ್ತ ಕೊಟ್ಟು, ನಡುನಡುವೆ ಯಾವುದೋ ಮನೆಯ ಸಂಖ್ಯೆ ಕೇಳುತ್ತಾರೆ. ಕೊನೆಗೆ ಅಡ್ಡ, ಉದ್ದ ಯಾವ ಸಾಲು ಕೂಡಿಸಿದರೂ ಅದೇ ಮೊತ್ತ ಬರಬೇಕು. ಅವಧಾನಿಯ ಕೈಯಲ್ಲಿ ಕಾಗದವಿಲ್ಲ.

ಇಂಥ ಚೌಕ ಕಟ್ಟುವ ಒಂದು ದಾರಿ ಹೀಗಿದೆ. 1ರಿಂದ 25ರವರೆಗಿನ ಸಂಖ್ಯೆಗಳ ಒಂದು ಮಾಯಾಚೌಕ ನೆನಪಿರಬೇಕು. ಅದರಲ್ಲಿ ಪ್ರತಿ ಸಾಲಿನ ಮೊತ್ತ 65. ಮೊದಲ ಸಾಲು 17, 24, 1, 8, 15 ಅಂತಿಟ್ಟುಕೊಳ್ಳಿ. ಪೃಚ್ಛಕರು 333 ಕೇಳಿದರು. 333ರಲ್ಲಿ 65 ಕಳೆದರೆ 268. ಐದರಿಂದ ಭಾಗಿಸಿದರೆ 53, ಶೇಷ 3. ಎಲ್ಲ ಮನೆಗೂ 53 ಕೂಡಿಸಿ. 21ರಿಂದ 25ರವರೆಗಿನ ಐದು ಸಂಖ್ಯೆಗಳು ಈ ಚೌಕದಲ್ಲಿ ಸಾಲಿಗೊಂದರಂತೆ ಕೂತಿರುತ್ತವೆ. ಅವಕ್ಕೆ ಮಾತ್ರ ಇನ್ನೊಂದು 3 ಸೇರಿಸಿ. ಮೊದಲ ಸಾಲು 70, 80, 54, 61, 68 ಆಯಿತು. ಕೂಡಿಸಿ ನೋಡಿ. ಯಾವ ಮನೆ ಕೇಳಿದರೂ ಒಂದೇ ಒಂದು ಸಂಕಲನದಲ್ಲಿ ಉತ್ತರ ಸಿಗುತ್ತದೆ. ಇದನ್ನು ಪದ್ಯಗಳ ಮಧ್ಯೆ, ಅಪ್ರಸ್ತುತ ಪ್ರಸಂಗದವರ ಕೀಟಲೆಯ ಮಧ್ಯೆ ಮಾಡುವುದಿದೆಯಲ್ಲ, ನನಗೆ ಅದು ಲೆಕ್ಕಕ್ಕಿಂತ ದೊಡ್ಡ ವಿಷಯ.

ಹಾಗಾದರೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಗೆಲ್ಲಬಹುದಾ? ಅಷ್ಟು ಸಲೀಸಲ್ಲ. 2014ರಲ್ಲಿ ಬ್ರೂಕ್ ಮ್ಯಾಕ್ನಮಾರಾ ಮತ್ತು ಸಂಗಡಿಗರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಚೆಸ್‌ನಂಥ ಆಟಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಉದ್ದೇಶಪೂರ್ವಕ ಅಭ್ಯಾಸದ ಪಾಲು ಶೇ. 26ರಷ್ಟು ಬಂತು. ಉಳಿದಿದ್ದು ಬೇರೆ ಬೇರೆ ಕಾರಣಗಳಿಗೆ ಸೇರಿದ್ದು.

ಮತ್ತೊಂದು ಸಂಗತಿ ಇದೆ, ಬೀದಿಗೊಂದು ಅಬಾಕಸ್ ಕ್ಲಾಸಿನ ಬೋರ್ಡ್ ನೇತಾಡುವ ನಮ್ಮೂರಿನಲ್ಲಿ ಹೇಳಲೇಬೇಕಾದದ್ದು. 1980ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಚೇಸ್, ಸ್ಟೀವ್ ಫಲೂನ್ ಎಂಬ ಕಾಲೇಜು ಹುಡುಗನಿಗೆ ಅಂಕಿಗಳನ್ನು ಓದಿ ಹೇಳಿ ಮತ್ತೆ ಒಪ್ಪಿಸಲು ಕೇಳುತ್ತಿದ್ದರು. ಶುರುವಿನಲ್ಲಿ ಅವನಿಗೆ ಏಳು ಅಂಕಿ ನೆನಪಿರುತ್ತಿತ್ತು, ನಮ್ಮ ನಿಮ್ಮ ಹಾಗೆ. ಸುಮಾರು 230 ಗಂಟೆಗಳ ಅಭ್ಯಾಸದ ನಂತರ 79 ಅಂಕಿ ಒಪ್ಪಿಸಿದ! ಅವನು ದೂರದ ಓಟಗಾರ. 3492 ಅಂದರೆ ಅವನಿಗೆ ಮೂರು ನಿಮಿಷ 49.2 ಸೆಕೆಂಡು, ಒಂದು ಮೈಲಿ ಓಟದ ಒಳ್ಳೆಯ ಸಮಯ. ಬಹುಪಾಲು ಅಂಕಿಗಳನ್ನು ಹೀಗೆ ಓಟದ ಸಮಯಗಳಾಗಿ ಕಟ್ಟಿಡುತ್ತಿದ್ದ. ಆಮೇಲೆ ಅಂಕಿ ಬಿಟ್ಟು ಅಕ್ಷರ ಕೊಟ್ಟರು. ಅವನ ನೆನಪು ಆರಕ್ಕೆ ಇಳಿಯಿತು. ಲೆಕ್ಕ ಕಲಿತರೆ ಎಲ್ಲ ವಿಷಯದಲ್ಲೂ ಮಾರ್ಕ್ಸ್ ಜಾಸ್ತಿ ಬರುತ್ತದೆ ಎಂದು ಹೇಳಿಕೊಳ್ಳುವವರ ಬಳಿ ಫೀಸು ಕಟ್ಟುವ ಮೊದಲು ಈ ಆರನ್ನು ನೆನಪಿಸಿಕೊಳ್ಳಬಹುದು.

ಕೌಂಟ್‌ಡೌನ್‌ನ ಚತುರ ಸ್ಪರ್ಧಿಗಳು ಪಳಗಿದ ಕೈ ಎಷ್ಟು ಕಿರಿದಾದ ಜಾಗದಲ್ಲಿ ಓಡುತ್ತದೆ ಅನ್ನೋದನ್ನೇ ಆಯುಧ ಮಾಡಿಕೊಳ್ಳುತ್ತಾರೆ. ಆಟದಲ್ಲಿ ಒಟ್ಟು 24 ಬಿಲ್ಲೆಗಳು. 1ರಿಂದ 10ರವರೆಗೆ ಎರಡೆರಡು, ಜೊತೆಗೆ 25, 50, 75, 100. ಎಷ್ಟು ದೊಡ್ಡವು, ಎಷ್ಟು ಸಣ್ಣವು ಬೇಕು ಎಂದು ಸ್ಪರ್ಧಿಗಳೇ ಸರದಿಯಂತೆ ಕೇಳಬೇಕು. ಒಂದು ದೊಡ್ಡದು, ಐದು ಸಣ್ಣದು ಕೇಳಿದರೆ 5,808 ಬಗೆಯ ಜೋಡಣೆ ಬರಬಹುದು. ಅಷ್ಟನ್ನೂ ಯಾರೂ ಅಭ್ಯಾಸ ಮಾಡಿಕೊಂಡು ಬರುವುದಿಲ್ಲ. ನಾಲ್ಕೂ ದೊಡ್ಡವನ್ನು ಕೇಳಿಬಿಟ್ಟರೆ ಬದಲಾಗುವುದು ಎರಡು ಸಣ್ಣ ಬಿಲ್ಲೆ ಮಾತ್ರ, ಒಟ್ಟು ಬಗೆ 55. ನಾಲ್ಕಾಣೆ, ಎಂಟಾಣೆಗಳ ಸಂಬಂಧವನ್ನು ಆ 55ರಲ್ಲೂ ಮನೆಯಲ್ಲೇ ಅರೆದು ಕುಡಿದು ಬಂದವನಿಗೆ ಅದು ಸ್ವಂತ ಮೈದಾನ. ಎದುರಾಳಿಗೆ ಅದು 318ನ್ನು 75ರಿಂದ ಗುಣಿಸುವ ಕಷ್ಟ.