ಲಾಲ್‌ಬಾಗ್ ಬಂಡೆ ನಿಜವಾಗ್ಲೂ ಹಿಮಾಲಯಕ್ಕಿಂತ ಹಳೆಯದಾ?

ಓದುಗರ ಪ್ರಶ್ನೆ: "ಭಾನುವಾರ ಮಗಳನ್ನು ಕರೆದುಕೊಂಡು ಲಾಲ್‌ಬಾಗ್‌ಗೆ ಹೋಗಿದ್ದೆ. ಅಲ್ಲಿನ ಬಂಡೆಗೆ 300 ಕೋಟಿ ವರ್ಷ ವಯಸ್ಸು, ಹಿಮಾಲಯಕ್ಕಿಂತ ಹಳೆಯದು ಅಂತ ಪಕ್ಕದಲ್ಲಿ ನಿಂತಿದ್ದವರು ಹೇಳಿದರು. 'ಅಷ್ಟು ಹಳೆಯದಾದ್ರೆ ಇಷ್ಟು ಚಿಕ್ಕದಾಗಿ ಯಾಕಿದೆ?' ಅಂತ ಮಗಳು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಈ ಮಾತು ನಿಜಾನಾ? ಕಲ್ಲಿನ ವಯಸ್ಸನ್ನು ಹೇಗೆ ಲೆಕ್ಕ ಹಾಕುತ್ತಾರೆ?"

ನಿಜ. ಹಿಮಾಲಯ ಒಂದೇ ಅಲ್ಲ, ನಾವು ವರ್ಷಗಟ್ಟಲೆ ದುಡ್ಡು ಕೂಡಿಸಿ, ವೀಸಾ ಮಾಡಿಸಿ, ವಿಮಾನ ಹತ್ತಿ ನೋಡಲು ಹೋಗುವ ಜಗತ್ತಿನ ಹೆಸರಾಂತ ಬೆಟ್ಟ, ಕಣಿವೆ, ಜಲಪಾತಗಳಲ್ಲಿ ಹೆಚ್ಚಿನವು ಈ ಬಂಡೆಯ ಮುಂದೆ ಚಿಕ್ಕ ಮಕ್ಕಳು. ಆದರೆ "ಹಳೆಯದು" ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮನೆಯಲ್ಲಿ ಅಜ್ಜಿ ಕಾಲದ ಬಳೆ ಇದೆ ಅಂದುಕೊಳ್ಳಿ. ಮಗಳ ಮದುವೆಗೆ ಅಂತ ಅದನ್ನು ಕರಗಿಸಿ ಸರ ಮಾಡಿಸುತ್ತೀರಿ. ಆ ಸರಕ್ಕೆ ವಯಸ್ಸೆಷ್ಟು? ಚಿನ್ನ ಅಜ್ಜಿ ಕಾಲದ್ದು, ಸರ ಮೊನ್ನೆಯದು. ಎರಡೂ ಸರಿ ಅಲ್ವಾ? ಬೆಟ್ಟಗಳ ವಿಷಯವೂ ಹೀಗೇ. ಕಲ್ಲು ಹುಟ್ಟಿದ ಕಾಲ ಬೇರೆ, ಆ ಕಲ್ಲು ಬೆಟ್ಟವಾಗಿಯೋ ಕಣಿವೆಯಾಗಿಯೋ ನಮಗೆ ಕಾಣುವ ರೂಪಕ್ಕೆ ಬಂದ ಕಾಲ ಬೇರೆ. ಈ ಎರಡನ್ನೂ ಬೆರೆಸಿಬಿಡುವುದರಿಂದಲೇ ಇಷ್ಟೊಂದು ಗೊಂದಲ.

ಹಿಮಾಲಯವನ್ನೇ ತೆಗೆದುಕೊಳ್ಳಿ. ಭಾರತ ಕೂತಿರುವ ಭೂಫಲಕ ಉತ್ತರಕ್ಕೆ ಸರಿಯುತ್ತಾ ಸರಿಯುತ್ತಾ ಹೋಗಿ ಏಷ್ಯಾಕ್ಕೆ ಗುದ್ದಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಗುದ್ದಿದ ಮೇಲೂ ನಿಂತಿಲ್ಲ, ಇವತ್ತಿಗೂ ವರ್ಷಕ್ಕೆ ಕೆಲವು ಸೆಂಟಿಮೀಟರ್ ಮುಂದೆ ತಳ್ಳುತ್ತಲೇ ಇದೆ, ಹೆಚ್ಚುಕಡಿಮೆ ನಮ್ಮ ಕೈಯುಗುರು ಬೆಳೆಯುವಷ್ಟು. ಆ ತಳ್ಳಾಟದಲ್ಲಿ ಸಮುದ್ರದ ತಳವೇ ಮಡಚಿಕೊಂಡು ಮೇಲೆದ್ದಿತು. ಎವರೆಸ್ಟ್‌ನ ಎತ್ತರ 8,848.86 ಮೀಟರ್, 2020ರಲ್ಲಿ ನೇಪಾಳ ಮತ್ತು ಚೀನಾ ಸೇರಿ ಪ್ರಕಟಿಸಿದ ಅಳತೆ ಇದು. ಅದರ ನೆತ್ತಿಯ ಕಲ್ಲು ಸುಣ್ಣದ ಕಲ್ಲು, ಅದರೊಳಗೆ ಸಮುದ್ರದ ಜೀವಿಗಳ ಪಳೆಯುಳಿಕೆ ಇವೆ. ಆ ಕಲ್ಲಿಗೆ ಸುಮಾರು 45 ಕೋಟಿ ವರ್ಷ. ಅಂದರೆ ಬೆಟ್ಟದ ಲೆಕ್ಕ ಹಿಡಿದರೂ, ಎವರೆಸ್ಟ್ ನೆತ್ತಿಯ ಕಲ್ಲಿನ ಲೆಕ್ಕ ಹಿಡಿದರೂ ಲಾಲ್‌ಬಾಗ್ ಬಂಡೆಯೇ ಹಿರಿಯ.

ಕೋಟಿ ಕೋಟಿ ಅಂದಾಗ ತಲೆಗೆ ಹತ್ತುವುದಿಲ್ಲ, ಹಾಗಾಗಿ ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಲಾಲ್‌ಬಾಗ್ ಬಂಡೆ ಅರವತ್ತರ ಶಾಂತಿ ಮಾಡಿಸಿಕೊಂಡ ತಾತ. ತಾತನ ಒಂದು ವರ್ಷ ಅಂದರೆ ನಮ್ಮ 5 ಕೋಟಿ ವರ್ಷ. ಈ ಲೆಕ್ಕದಲ್ಲಿ ಹಿಮಾಲಯ ಈಗಷ್ಟೇ ಮೊದಲ ಹುಟ್ಟುಹಬ್ಬ ಮುಗಿಸಿದ ಮೊಮ್ಮಗು. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯನ್ನು ಕೊಲೊರಾಡೊ ನದಿ ಈಗಿನ ರೂಪಕ್ಕೆ ಕೊರೆದದ್ದು ಹೆಚ್ಚಾಗಿ ಕಳೆದ 50–60 ಲಕ್ಷ ವರ್ಷಗಳಲ್ಲಿ, ತಾತನಿಗೆ ಅದು ಒಂದೂವರೆ ತಿಂಗಳೂ ಅಲ್ಲ. ನಯಾಗರ ಜಲಪಾತ ಶುರುವಾಗಿದ್ದು ಹಿಮಯುಗದ ಮಂಜುಗಡ್ಡೆ ಕರಗಿದ ಮೇಲೆ, ಸುಮಾರು 12,000 ವರ್ಷಗಳ ಹಿಂದೆ. ಅದು ಎರಡು ಗಂಟೆಯ ಹಿಂದಿನ ಮಾತು. ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿ ಇನ್ನೂ ಐದು ನಿಮಿಷ ಆಗಿದೆ ಅಷ್ಟೇ.

ಈಗ ವಯಸ್ಸು ಅಳೆದದ್ದು ಹೇಗೆ ಅನ್ನುವುದಕ್ಕೆ ಬರೋಣ. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಭಾಗ ಇದು.

ಇಂಥ ಕಲ್ಲುಗಳೊಳಗೆ ಜಿರ್ಕಾನ್ ಅನ್ನುವ ಹರಳುಗಳಿರುತ್ತವೆ. ಚಿರೋಟಿ ರವೆಗಿಂತಲೂ ಸಣ್ಣವು, ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕರಗಿದ ಕಲ್ಲು ತಣ್ಣಗಾಗಿ ಜಿರ್ಕಾನ್ ಹರಳುಗಟ್ಟುವಾಗ ಸುತ್ತಲಿನ ಯುರೇನಿಯಂ ಪರಮಾಣುಗಳನ್ನು ಸ್ವಲ್ಪ ಒಳಗೆ ಬಿಟ್ಟುಕೊಳ್ಳುತ್ತದೆ. ಸೀಸವನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಆಮೇಲೆ ಒಳಗಿನ ಯುರೇನಿಯಂ ತನ್ನ ಪಾಡಿಗೆ ತಾನು ನಿಧಾನವಾಗಿ ಕ್ಷಯಿಸಿ ಸೀಸವಾಗುತ್ತಾ ಹೋಗುತ್ತದೆ. ಬಿಸಿಲು, ಮಳೆ, ಬರ ಯಾವುದಕ್ಕೂ ಇದರ ವೇಗ ಬದಲಾಗುವುದಿಲ್ಲ. ಯುರೇನಿಯಂನ ಮುಖ್ಯ ಬಗೆಯಾದ ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಹುಟ್ಟಿದಾಗ ಸೀಸ ಇರಲಿಲ್ಲ, ಈಗ ಇದೆ ಅಂದರೆ ಅಷ್ಟೂ ಯುರೇನಿಯಂನಿಂದಲೇ ಬಂದಿರಬೇಕು. 300 ಕೋಟಿ ವರ್ಷ ಕಳೆದ ಹರಳಿನಲ್ಲಿ ಮೊದಲಿದ್ದ ಆ ಯುರೇನಿಯಂನ ನೂರು ಪಾಲಲ್ಲಿ ಸುಮಾರು 63 ಪಾಲು ಉಳಿದು, 37 ಪಾಲು ಸೀಸವಾಗಿರುತ್ತದೆ. ಕಲ್ಲನ್ನು ಪುಡಿ ಮಾಡಿ, ತೊಳೆದು, ಹರಳುಗಳನ್ನು ಆರಿಸಿ, ಯಂತ್ರದಲ್ಲಿ ಈ ಪಾಲು ಅಳೆದರೆ ವಯಸ್ಸು ಸಿಗುತ್ತದೆ. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಅನ್ನುವ ಅಮೆರಿಕದ ವಿಜ್ಞಾನಿ ಭೂಮಿಗೇ ಸುಮಾರು 455 ಕೋಟಿ ವರ್ಷ ಅಂತ ತೋರಿಸಿದ್ದೂ ಇದೇ ಯುರೇನಿಯಂ–ಸೀಸದ ನಂಟಿನಿಂದ. ಅವರು ಅಳೆದದ್ದು ಉಲ್ಕಾಶಿಲೆಗಳಲ್ಲಿದ್ದ ಸೀಸವನ್ನು.

ನಮ್ಮ ಬಂಡೆಯ ಜಾತಿಗೆ ಪೆನಿನ್ಸುಲಾರ್ ನೈಸ್ ಅನ್ನುತ್ತಾರೆ. ನೈಸ್ ರೋಡ್‌ಗೂ ಇದಕ್ಕೂ ಸಂಬಂಧ ಇಲ್ಲ, ನೈಸ್ ಅನ್ನುವುದು ಒಂದು ಬಗೆಯ ಕಲ್ಲಿನ ಹೆಸರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಹೆಸರು ಕೊಟ್ಟರು. ದಕ್ಷಿಣ ಭಾರತದ ದೊಡ್ಡ ಭಾಗದ ಅಡಿಪಾಯ ಇದೇ ಕಲ್ಲು. ಮೊದಲು ಗ್ರಾನೈಟ್‌ನಂಥ ಕಲ್ಲಾಗಿದ್ದದ್ದು ನೆಲದೊಳಗೆ ತುಂಬಾ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ, ಅಲ್ಲಲ್ಲಿ ಅರ್ಧಂಬರ್ಧ ಕರಗಿ, ಮತ್ತೆ ಗಟ್ಟಿಯಾಗಿದೆ. ಎರಡು ಬಣ್ಣದ ಹಿಟ್ಟನ್ನು ಪೂರ್ತಿ ಬೆರೆಸದೆ ನಾದಿದರೆ ಪಟ್ಟೆ ಪಟ್ಟೆ ಬರುತ್ತದಲ್ಲ, ಹಾಗೆ ಬಿಳಿ ಮತ್ತು ಕಪ್ಪು ಪಟ್ಟೆಗಳು ಅಲೆಅಲೆಯಾಗಿ ಇದರಲ್ಲಿ ಕಾಣುತ್ತವೆ. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್ ಅನ್ನುವ ಖನಿಜಗಳು, ಕಪ್ಪಗಿರುವುದು ಹೆಚ್ಚಾಗಿ ಕಪ್ಪು ಅಭ್ರಕ. ಇಂಥ ಬೇಯುವಿಕೆ ಒಂದೇ ಸಲ ಆದದ್ದಲ್ಲ. ಈ ಜಾತಿಯ ಕಲ್ಲುಗಳ ವಯಸ್ಸು ಜಾಗದಿಂದ ಜಾಗಕ್ಕೆ ಸುಮಾರು 340 ಕೋಟಿಯಿಂದ 250 ಕೋಟಿ ವರ್ಷಗಳವರೆಗೆ ಬದಲಾಗುತ್ತದೆ, 300 ಕೋಟಿ ಅನ್ನುವುದು ನಡುವಿನ ಒಂದು ದುಂಡಗಿನ ಅಂಕಿ. ಬಸವನಗುಡಿಯ ಬ್ಯೂಗಲ್ ರಾಕ್ ಕೂಡ ಇದೇ ಕಲ್ಲು, ಕಡಲೆಕಾಯಿ ಪರಿಷೆಗೆ ಹೋದಾಗ ಸುಸ್ತಾಗಿ ನಾವು ಕೂರುವ ಬಂಡೆಗಳು ಇವೇ. ರಾಮನಗರದ ಬೆಟ್ಟಗಳು ಮಾತ್ರ ಬೇರೆ ಜಾತಿ. ಅವು ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷದವು, ಊರಿನ ಹಳೆಯ ಹೆಸರೇ ಆ ಕಲ್ಲಿಗೆ ಉಳಿದಿದೆ.

ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ "ಜಗತ್ತಿನಲ್ಲೇ ಅತಿ ಹಳೆಯ ಬಂಡೆ ಲಾಲ್‌ಬಾಗ್‌ನಲ್ಲಿ" ಅಂತ ಓಡಾಡುತ್ತದೆ. ಅದು ಸುಳ್ಳು, ದಯವಿಟ್ಟು ಮುಂದೆ ಕಳಿಸಬೇಡಿ. ಕೆನಡಾದ ಅಕಾಸ್ಟಾ ನೈಸ್‌ಗೆ ಸುಮಾರು 400 ಕೋಟಿ ವರ್ಷ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಜಿರ್ಕಾನ್ ಹರಳೊಂದಕ್ಕೆ ಸುಮಾರು 440 ಕೋಟಿ. ಅಷ್ಟು ದೂರ ಯಾಕೆ, ನಮ್ಮ ಹಾಸನದ ಗೊರೂರು ಕಡೆಯ ನೈಸ್ ಕಲ್ಲೇ ಸುಮಾರು 330 ಕೋಟಿ ವರ್ಷದ್ದು. ಇರುವ ವಯಸ್ಸೇ ಇಷ್ಟಿರುವಾಗ ಸುಮ್ನೆ ಯಾಕೆ ಸುಳ್ಳು ಸೇರಿಸಬೇಕು?

ಮತ್ತೆ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗೋಣ, ಯಾಕೆಂದರೆ ಕಲ್ಲಿನ ವಯಸ್ಸು ಕಣ್ಣಿಗೆ ಕಾಣುವ ಹಾಗೆ ಪದರ ಪದರವಾಗಿ ತೆರೆದಿಟ್ಟ ಜಾಗ ಅದು. 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಆಳ. ಮೇಲಿನ ಅಂಚಿನ ಸುಣ್ಣಕಲ್ಲಿಗೆ 27 ಕೋಟಿ ವರ್ಷ. ಇಳಿಯುತ್ತಾ ಹೋದ ಹಾಗೆ ವಯಸ್ಸು ಏರುತ್ತದೆ. ತಳದಲ್ಲಿ ನದಿಯ ಪಕ್ಕ ಕಪ್ಪಗೆ ಹೊಳೆಯುವ ಕಲ್ಲಿನ ಹೆಸರು ಏನು ಗೊತ್ತಾ? ವಿಷ್ಣು ಶಿಸ್ಟ್. ಶಿಸ್ಟ್ ಅನ್ನುವುದೂ ನೈಸ್ ಹಾಗೆ ಒಂದು ಬಗೆಯ ಕಲ್ಲು. ಪಕ್ಕದಲ್ಲೇ ಬ್ರಹ್ಮ ಶಿಸ್ಟ್, ರಾಮ ಶಿಸ್ಟ್ ಕೂಡ ಇವೆ. 19ನೇ ಶತಮಾನದಲ್ಲಿ ಅಲ್ಲಿ ಅಧ್ಯಯನ ಮಾಡಿದ ಕ್ಲಾರೆನ್ಸ್ ಡಟನ್ ಅನ್ನುವವರಿಗೆ ಆ ಶಿಖರಗಳು ಪೂರ್ವದ ದೇಶಗಳ ಗುಡಿಗಳ ಹಾಗೆ ಕಂಡವು. ಒಂದೊಂದಕ್ಕೆ ದೇವರ ಹೆಸರು ಇಟ್ಟರು, ಆ ಹೆಸರುಗಳು ಮುಂದೆ ಕಲ್ಲುಗಳಿಗೂ ಬಂದವು. ವಿಷ್ಣು ಶಿಸ್ಟ್‌ಗೆ ಸುಮಾರು 170 ಕೋಟಿ ವರ್ಷ. ನಮ್ಮ ತಾತನ ಲೆಕ್ಕದಲ್ಲಿ ಮೂವತ್ತು ದಾಟಿದ ಮಗ.

ಅಲ್ಲಿ ಇನ್ನೊಂದು ವಿಚಿತ್ರ ಇದೆ. ಹಲವು ಕಡೆ ಈ 170 ಕೋಟಿ ವರ್ಷದ ಕಲ್ಲಿನ ಮೇಲೆ ನೇರವಾಗಿ ಕೂತಿರುವುದು 50 ಕೋಟಿ ವರ್ಷಕ್ಕಿಂತ ಸ್ವಲ್ಪ ಹಳೆಯ ಮರಳುಗಲ್ಲು. ನಡುವಿನ ಸುಮಾರು 120 ಕೋಟಿ ವರ್ಷದ ಪದರಗಳು ಇಲ್ಲವೇ ಇಲ್ಲ. ಪುಸ್ತಕದಲ್ಲಿ ನಡುವಿನ ಹಾಳೆಗಳು ಹರಿದುಹೋದ ಹಾಗೆ. 1869ರಲ್ಲಿ ದೋಣಿಯಲ್ಲಿ ಆ ಕಣಿವೆ ದಾಟಿದ ಜಾನ್ ವೆಸ್ಲಿ ಪೊವೆಲ್ ಆಗಲೇ ಇದನ್ನು ಗಮನಿಸಿದ್ದರು. ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡ ಮನುಷ್ಯ, ಒಂದೇ ಕೈಯಲ್ಲಿ ಆ ಬಂಡೆಗಳನ್ನು ಹತ್ತಿ ಇಳಿದು ನೋಡಿದವರು. ಇವತ್ತಿಗೂ ಜನ ಆ ಗೆರೆಯ ಮೇಲೆ ಒಂದು ಬೆರಳು, ಕೆಳಗೆ ಒಂದು ಬೆರಳು ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ.

ಇದನ್ನು ಓದಿದ ದಿನ ನನಗೆ ಥಟ್ಟನೆ ನೆನಪಾದದ್ದು ಲಾಲ್‌ಬಾಗ್. ನಮ್ಮಲ್ಲಿ ಬಂಡೆಯ ಮೇಲೆ ಏನಿದೆ ಹೇಳಿ? ಕೆಂಪೇಗೌಡರ ಗೋಪುರ! 300 ಕೋಟಿ ವರ್ಷದ ಕಲ್ಲು, ಅದರ ಮೇಲೆ ನೇರವಾಗಿ ಕೆಲವೇ ನೂರು ವರ್ಷದ ಗೋಪುರ. ನಡುವೆ ಹರಿದುಹೋದ ಹಾಳೆಗಳು ಹೆಚ್ಚುಕಡಿಮೆ 300 ಕೋಟಿ ವರ್ಷದವು. ಗೋಪುರದ ಬುಡದ ಕಲ್ಲನ್ನು ಒಂದು ಕೈಯಲ್ಲಿ, ಬಂಡೆಯನ್ನು ಇನ್ನೊಂದು ಕೈಯಲ್ಲಿ ಮುಟ್ಟಿದರೆ ಗ್ರ್ಯಾಂಡ್ ಕ್ಯಾನ್ಯನ್‌ನ ಆ ಗೆರೆಯ ಸುಮಾರು ಎರಡೂವರೆ ಪಟ್ಟು ಅಂತರವನ್ನು ಮುಟ್ಟಿದ ಹಾಗೆ. ಮೆಟ್ರೋದಲ್ಲಿ ಹೋಗಿ ಬರಬಹುದು.

ಈಗ ನಿಮ್ಮ ಮಗಳ ಪ್ರಶ್ನೆ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಅವಳದ್ದೇ. ಇಷ್ಟು ಹಳೆಯದಾದರೆ ಚಿಕ್ಕದು ಯಾಕೆ?

ಬೆಟ್ಟಗಳು ವಯಸ್ಸಾದಂತೆ ಸವೆಯುತ್ತವೆ. ಹಿಮಾಲಯ ಎತ್ತರ ಇರುವುದೇ ಅದು ಚಿಕ್ಕ ವಯಸ್ಸಿನದು ಅಂತ, ತಳ್ಳಾಟ ಇನ್ನೂ ನಿಂತಿಲ್ಲ ಅಂತ. ನಮ್ಮ ಕಡೆ ಆ ತಳ್ಳಾಟ ಯಾವಾಗಲೋ ಮುಗಿದಿದೆ. ಲಾಲ್‌ಬಾಗ್‌ನ ಕಲ್ಲು ತಯಾರಾಗಿದ್ದು ನೆಲದ ತುಂಬಾ ಆಳದಲ್ಲಿ ಅಂದೆನಲ್ಲ, ಅಂದರೆ ಅದರ ಮೇಲೆ ಆಗ ಕಿಲೋಮೀಟರ್‌ಗಟ್ಟಲೆ ಕಲ್ಲು ಇತ್ತು. ಅದೆಲ್ಲ ಮಳೆ, ಗಾಳಿ, ಬಿಸಿಲಿಗೆ ಒಂದೊಂದು ಕಣವಾಗಿ ಉದುರಿ ಹೋಗಿ, ಈಗ ತಳ ಮಾತ್ರ ಹೊರಗೆ ಬಂದಿದೆ. ನಾವು ಹತ್ತಿ ನಿಲ್ಲುವುದು ಬೆಟ್ಟದ ನೆತ್ತಿಯ ಮೇಲಲ್ಲ, ಬುಡದ ಮೇಲೆ. ಇಂಥ ಕಲ್ಲು ಉದುರಿದಾಗ ಬೆಣಚು ಮರಳಾಗುತ್ತದೆ, ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಪ್ಪು ಅಭ್ರಕದೊಳಗಿನ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಬೆಂಗಳೂರಿನ ಸುತ್ತ ರಾಗಿ ಬೆಳೆಯುವ ಕೆಮ್ಮಣ್ಣು ಹೆಚ್ಚಾಗಿ ಬಂದದ್ದು ಹೀಗೇ.

ಮೇಲಿನ ಭಾರ ಹೋದ ಮೇಲೆ ಕಲ್ಲು ಸಡಿಲಗೊಂಡು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಬಂಡೆ ಬೋಳಾಗಿ, ಗುಂಡಗೆ ಕಾಣುವುದು ಅದಕ್ಕೇ. ಹಿಂದೆ ಕಲ್ಲು ಕೆಲಸದವರು ಈ ಗುಣವನ್ನೇ ಹಿಡಿದು, ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ ದೊಡ್ಡ ದೊಡ್ಡ ಚಪ್ಪಡಿ ಎಬ್ಬಿಸುತ್ತಿದ್ದರು. ಹಳೆಯ ಮನೆಗಳ ಕಾಂಪೌಂಡಿಗೆ ನಿಲ್ಲಿಸಿದ ಕಲ್ಲು ಚಪ್ಪಡಿಗಳನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ, ಅದೇ ಪಟ್ಟೆಗಳು ಕಾಣಬಹುದು.

ಒಂದು ವಿಷಯ ಮಾತ್ರ ನನಗೆ ತುಂಬಾ ಬೇಜಾರು. ಆಸ್ಟ್ರೇಲಿಯಾದ ಉಲುರು ಬಂಡೆ 348 ಮೀಟರ್ ಎತ್ತರ, ಸುತ್ತಳತೆ 9 ಕಿಲೋಮೀಟರಿಗಿಂತ ಜಾಸ್ತಿ, ಆದರೆ ಅದರ ಮರಳುಗಲ್ಲಿಗೆ ಸುಮಾರು 55 ಕೋಟಿ ವರ್ಷವಷ್ಟೇ, ತಾತನ ಲೆಕ್ಕದಲ್ಲಿ ಹನ್ನೊಂದು ವರ್ಷದ ಹುಡುಗ. ಅದನ್ನು ಪವಿತ್ರ ಅಂತ ಕಾಣುವ ಅಲ್ಲಿನ ಅನಂಗು ಜನ ದಯವಿಟ್ಟು ಹತ್ತಬೇಡಿ ಅಂತ ಬಹಳ ವರ್ಷ ಕೇಳಿಕೊಂಡರು, ಕೊನೆಗೆ 2019ರ ಅಕ್ಟೋಬರ್‌ನಲ್ಲಿ ಹತ್ತುವುದನ್ನೇ ನಿಲ್ಲಿಸಲಾಯಿತು. ನಮ್ಮ ಬಂಡೆಯ ಮೇಲೆ ಓಡಾಡಬಹುದು, ಕೂತು ಸಂಜೆ ಕಳೆಯಬಹುದು, ಅದು ನಮ್ಮ ಪುಣ್ಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಆದರೂ ಅದರ ಮೇಲೆ ಹೆಸರು ಕೆತ್ತಿ ಹೃದಯದ ಗುರುತು ಹಾಕುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಂಡರೆ ಬೇಡ ಅಂತ ಹೇಳಿ, ನಾನೂ ಹೇಳುತ್ತೇನೆ.

ಮಗಳನ್ನು ಇನ್ನೊಂದು ಸಲ ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು, ಎಳೆ ಬಿಸಿಲು ಓರೆಯಾಗಿ ಬೀಳುವಾಗ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ. ಒಂದು ಕಪ್ಪು ಪಟ್ಟೆಯನ್ನು ಆರಿಸಿಕೊಂಡು ಅದರ ಜೊತೆಗೇ ಬೆರಳು ಎಳೆಯುತ್ತಾ ಹೋಗಲು ಹೇಳಿ, ಎಲ್ಲಿ ಬಾಗುತ್ತದೆ, ಎಲ್ಲಿ ಮಾಯವಾಗುತ್ತದೆ ಅಂತ ಅವಳೇ ಹುಡುಕಲಿ. ಆಮೇಲೆ ಮಳೆ ನೀರು ಹರಿದು ಹೋಗುವ ಯಾವುದಾದರೂ ಸಂದಿಯ ಹತ್ತಿರ ಕೂರಿಸಿ. ಅಲ್ಲಿ ಒಂದು ಚಿಟಿಕೆ ಒರಟು ಮರಳು ಸಿಗುತ್ತದೆ. ಅದನ್ನು ಅವಳ ಅಂಗೈಗೆ ಹಾಕಿ, ಇಷ್ಟು ಚಿಕ್ಕದಾಗಿ ಯಾಕಿದೆ ಅಂತ ಕೇಳಿದೆಯಲ್ಲ ಮಗಳೇ, ಉಳಿದ ಬೆಟ್ಟ ಹೀಗೇ ಹೋಯಿತು ಅಂತ ತೋರಿಸಿ.