ಒಳ್ಳೆ ಸಂಸ್ಕಾರ ಕೊಟ್ಟು ಬೆಳೆಸಿದ್ರೆ ಎಚ್‌ಐವಿ ಬರಲ್ಲ ಅಲ್ವಾ?

ಓದುಗರ ಪ್ರಶ್ನೆ: ನಮ್ದು ಮರ್ಯಾದಸ್ಥ ಮನೆತನ, ಮಗ ಮಗಳು ಇಬ್ರನ್ನೂ ಒಳ್ಳೆ ಸಂಸ್ಕಾರ ಕೊಟ್ಟು ಬೆಳೆಸಿದೀವಿ. ಮೊನ್ನೆ ಮಗನ ಕಾಲೇಜಲ್ಲಿ ಎಚ್‌ಐವಿ ಬಗ್ಗೆ ಪ್ರೋಗ್ರಾಂ ಮಾಡಿ ಕಾಂಡೋಮ್ ವಿಷಯ ಎಲ್ಲ ಹೇಳಿದಾರಂತೆ. ಇದ್ರಿಂದ ಮಕ್ಕಳ ತಲೆ ಕೆಡಲ್ವಾ? ನಡತೆ ಸರಿಯಾಗಿದ್ರೆ ಈ ಕಾಯಿಲೆ ಬರೋದೇ ಇಲ್ಲ ತಾನೆ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ತುಂಬ ಜನ ಕೇಳ್ತಾರೆ, ಕೇಳೋರೆಲ್ಲ ಮಕ್ಕಳ ಮೇಲೆ ಜೀವ ಇಟ್ಕೊಂಡಿರೋ ಅಪ್ಪ ಅಮ್ಮಂದಿರೇ, ಹಾಗಾಗಿ ಸುತ್ತಿ ಬಳಸದೆ ಹೇಳ್ಬಿಡ್ತೀನಿ. ನಡತೆ ಸರಿಯಾಗಿದ್ರೆ ಬರಲ್ಲ ಅನ್ನೋದು ನಿಜ ಅಲ್ಲ. ಮಕ್ಕಳನ್ನ ಬೆಳೆಸೋ ರೀತಿಗೂ ಎಚ್‌ಐವಿಗೂ ಸಂಬಂಧ ಖಂಡಿತ ಇದೆ, ಆದ್ರೆ ಅದು ನೀವು ಅನ್ಕೊಂಡಿರೋ ಥರ ಇಲ್ಲ. ಮನೇಲಿ ಈ ವಿಷಯ ಬಾಯೇ ಬಿಡದಿರೋದು, ಮಗಳಿಗೆ ಗಂಡನ್ನ ಎದುರು ಕೇಳ್ಬಾರ್ದು ಅಂತ ಕಲಿಸೋದು, ಮಗನಿಗೆ ಏನೂ ಕಲಿಸದೆ ಬಿಟ್ಬಿಡೋದು, ಯಾರಿಗಾದ್ರೂ ಸೋಂಕು ಬಂತು ಅಂದ ತಕ್ಷಣ ಅವ್ರ ಚಾರಿತ್ರ್ಯ ಅಳೆಯೋಕೆ ಕೂರೋದು, ಇಷ್ಟು ವರ್ಷ ಈ ವೈರಸ್‌ಗೆ ಊರೂರಿಗೆ ದಾರಿ ಮಾಡ್ಕೊಟ್ಟಿರೋದ್ರಲ್ಲಿ ಇವುಗಳ ಪಾಲು ತುಂಬಾ ದೊಡ್ಡದು.

ಮೊದ್ಲು ವೈದ್ಯಕೀಯ ವಿಷಯ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದು ಸುಮಾರು ಜನಕ್ಕೆ ಗೊತ್ತಿರತ್ತೆ. ಸೋಂಕಿರೋರ ಜೊತೆ ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿರೋ ರಕ್ತ, ಒಬ್ರು ಚುಚ್ಕೊಂಡ ಸೂಜಿ ಸಿರಿಂಜು ಇನ್ನೊಬ್ರು ಬಳಸೋದು, ತಾಯಿಯಿಂದ ಮಗುವಿಗೆ ಬಸಿರಲ್ಲಿ, ಹೆರಿಗೇಲಿ, ಎದೆಹಾಲಲ್ಲಿ. ದಾರಿ ಇಷ್ಟೇ. ಒಂದೇ ತಟ್ಟೇಲಿ ಊಟ ಮಾಡಿದ್ರೆ, ಅಪ್ಪಿಕೊಂಡ್ರೆ, ಒಂದೇ ಬಾತ್‌ರೂಮ್ ಬಳಸಿದ್ರೆ, ಸೊಳ್ಳೆ ಕಚ್ಚಿದ್ರೆ ಬರಲ್ಲ. ಈ ದಾರಿಗಳಲ್ಲಿ ಎಲ್ಲೂ ವೈರಸ್ಸು ನಿಂತು ಈ ಮನುಷ್ಯ ಒಳ್ಳೆಯೋನಾ ಕೆಟ್ಟೋನಾ ಅಂತ ವಿಚಾರಿಸಲ್ಲ.

ಹಾಗಿದ್ರೆ ಇದು ನಡತೆಗೆಟ್ಟೋರ ಕಾಯಿಲೆ ಅನ್ನೋ ಮಾತು ನಮ್ಮಲ್ಲಿ ಎಲ್ಲಿಂದ ಬಂತು? 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತೆ ಅವ್ರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ನಮ್ಮ ದೇಶದಲ್ಲಿ ಮೊದಲ ಸಲ ಸೋಂಕು ಪತ್ತೆ ಹಚ್ಚಿದ್ದು ಸೆಕ್ಸ್ ವರ್ಕರ್ ಹೆಣ್ಣುಮಕ್ಕಳ ರಕ್ತದ ಸ್ಯಾಂಪಲ್‌ನಲ್ಲಿ. ಅಲ್ಲಿಂದ ಶುರುವಾಯ್ತು, ಇದು ಅವ್ರ ಕಾಯಿಲೆ, ನಮ್ಮಂಥ ಮನೆಯೋರಿಗೆ ಸಂಬಂಧ ಇಲ್ಲ ಅನ್ನೋ ನೆಮ್ಮದಿ. ಆ ಹೆಣ್ಣುಮಕ್ಕಳ ಹತ್ರ ಹೋಗ್ತಿದ್ದ ಗಂಡಸರು ರಾತ್ರಿ ವಾಪಸ್ ಬರ್ತಿದ್ದಿದ್ದು ಯಾವ ಮನೆಗೆ ಅಂತ ಆಗ ಯಾರೂ ಕೇಳ್ಲಿಲ್ಲ.

ಕೇಳಿದ್ದು ಆಮೇಲೆ. 1990ರ ದಶಕದಲ್ಲಿ ಪುಣೆಯ ಲೈಂಗಿಕ ಕಾಯಿಲೆಗಳ ಕ್ಲಿನಿಕ್‌ಗಳಿಗೆ ಬಂದ ಮಹಿಳೆಯರನ್ನ ಪರೀಕ್ಷೆ ಮಾಡಿದಾಗ, ಸೆಕ್ಸ್ ವರ್ಕ್ ಮಾಡದೆ ಇರೋ ಹೆಂಗಸರಲ್ಲೂ ನೂರಕ್ಕೆ 13ರಿಂದ 14 ಜನಕ್ಕೆ ಎಚ್‌ಐವಿ ಸಿಕ್ತು. ಅವ್ರಲ್ಲಿ ಹೆಚ್ಚಿನೋರು ಮದುವೆಯಾದೋರು, ಗಂಡನ್ನ ಬಿಟ್ಟು ಬೇರೆ ಯಾರನ್ನೂ ಕಾಣದೋರು. ಇವತ್ತಿಗೂ ದೇಶದಲ್ಲಿ ಎಚ್‌ಐವಿ ಜೊತೆ ಬದುಕ್ತಿರೋ ಸುಮಾರು 25 ಲಕ್ಷ ಜನರಲ್ಲಿ ನೂರಕ್ಕೆ 44ರಷ್ಟು ಹೆಣ್ಣುಮಕ್ಕಳು, ಅದ್ರಲ್ಲಿ ಎಷ್ಟೋ ಜನಕ್ಕೆ ಅದು ಬಂದಿರೋದು ತಾಳಿ ಕಟ್ಟಿದ ಗಂಡನಿಂದ. ನಡತೆ ಸರಿಯಾಗಿದ್ರೆ ಬರಲ್ಲ ಅಂತ ನಾವು ಹೇಳೋವಾಗ ಈ ಹೆಣ್ಣುಮಕ್ಕಳಿಗೆ ಏನು ಹೇಳ್ತಾ ಇದೀವಿ ಅಂತ ಒಂದ್ಸಲ ಯೋಚನೆ ಮಾಡಿ.

ಅವ್ರಿಗೆ ಆಗೋ ಅನ್ಯಾಯ ಇಲ್ಲಿಗೂ ನಿಲ್ಲಲ್ಲ. ಬಸುರಿ ಅಂತ ಗೊತ್ತಾದ ಮೇಲೆ ಸರ್ಕಾರಿ ಆಸ್ಪತ್ರೇಲಿ ಮಾಡೋ ರಕ್ತ ಪರೀಕ್ಷೇಲಿ ಎಚ್‌ಐವಿ ಟೆಸ್ಟೂ ಸೇರಿರತ್ತೆ, ಇದು ಮಗುವನ್ನ ಕಾಪಾಡೋಕೆ ತುಂಬಾ ಒಳ್ಳೆ ವ್ಯವಸ್ಥೆ. ಆದ್ರೆ ಇದ್ರಿಂದ ಎಷ್ಟೋ ಮನೆಗಳಲ್ಲಿ ಸೋಂಕು ಮೊದ್ಲು ಗೊತ್ತಾಗೋದು ಸೊಸೆಗೆ. ಗಂಡ ಅಲ್ಲಿವರೆಗೂ ಟೆಸ್ಟೇ ಮಾಡಿಸಿರಲ್ಲ. ಅಷ್ಟಕ್ಕೇ ಮನೆಯೋರು ಇವಳೇ ತಂದಿದ್ದು ಅಂತಾರೆ, ಕಾಲ್ಗುಣ ಅಂತಾರೆ, ತವರಿಗೆ ಕಳಿಸ್ತಾರೆ. ಗಂಡ ಎಲ್ಲ ಗೊತ್ತಿದ್ರೂ ಸುಮ್ನೆ ತಲೆ ತಗ್ಗಿಸಿ ಕೂತಿರ್ತಾನೆ, ಅವನನ್ನ ಯಾರೂ ಪ್ರಶ್ನೆ ಕೇಳಲ್ಲ ಯಾಕಂದ್ರೆ ಚಿಕ್ಕಂದಿನಿಂದ ಅವನನ್ನ ಯಾರೂ ಪ್ರಶ್ನೆ ಕೇಳಿರೋದೇ ಇಲ್ಲ. ಬೆಳೆಸೋ ರೀತಿ ಅಂತ ನಾನು ಹೇಳ್ತಿರೋದು ಇದನ್ನೇ. ಮಗಳು ಸಂಜೆ ಆರಕ್ಕೆ ಮನೇಲಿರಬೇಕು, ಮಗ ರಾತ್ರಿ ಹನ್ನೊಂದಕ್ಕೆ ಬಂದ್ರೂ ಊಟ ಮುಚ್ಚಿಟ್ಟಿರತ್ತೆ. ಮಗಳಿಗೆ ಸಾವಿರ ಕಟ್ಟುಪಾಡು, ಮಗನಿಗೆ 'ಗಂಡಸು, ಏನು ಮಾಡಿದ್ರೂ ನಡೆಯತ್ತೆ'. ಇಂಥ ಹುಡುಗನನ್ನ ಇಂಥ ಹುಡುಗಿಗೆ ಮದುವೆ ಮಾಡಿದ್ರೆ ಅವಳು ಕಾಂಡೋಮ್ ಹಾಕ್ಕೋ ಅಂತ ಹೇಳೋದು ಹೇಗೆ? ಹೇಳಿದ್ರೆ ನನ್ನ ಮೇಲೆ ಅನುಮಾನನಾ ಅಂತಾನೆ, ಇಲ್ಲಾಂದ್ರೆ ನಿನಗೆ ಇದೆಲ್ಲ ಹೇಗೆ ಗೊತ್ತು ಅಂತಾನೆ.

ನಮ್ಮ ಉತ್ತರ ಕರ್ನಾಟಕದ ವಿಷಯ ಹೇಳದೆ ಈ ಉತ್ತರ ಪೂರ್ತಿ ಆಗಲ್ಲ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಈ ಕಡೆ ಸೋಂಕು ಒಂದು ಕಾಲದಲ್ಲಿ ತುಂಬಾ ಜೋರಾಗಿತ್ತು, 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೇಲಿ ಸಾಮಾನ್ಯ ಜನರಲ್ಲಿ ಮಾಡಿದ ಸಮೀಕ್ಷೇಲಿ ನೂರಕ್ಕೆ ಸುಮಾರು 3 ಜನಕ್ಕೆ ಸೋಂಕು ಕಂಡಿತ್ತು. ಈಗ ಇಡೀ ದೇಶದ ವಯಸ್ಕರಲ್ಲಿ ಇರೋದು ಸುಮಾರು ನೂರಕ್ಕೆ 0.2, ಹೋಲಿಸಿ ನೋಡಿ. ಅಲ್ಲಿ ದೇವದಾಸಿ ಪದ್ಧತಿ ಇತ್ತು. ಮೈ ನೆರೆಯೋ ಮೊದ್ಲೇ ಹುಡುಗಿಗೆ ಮುತ್ತು ಕಟ್ಟಿ, ದೇವಿ ಹೆಸರಲ್ಲಿ ಬಿಟ್ಟು, ಆಮೇಲೆ ಹೊಟ್ಟೆಪಾಡಿಗೆ ಮುಂಬೈ, ಪುಣೆ, ಸಾಂಗ್ಲಿ ಕಡೆಗೆ ಕಳಿಸೋದು. ಕಟ್ಟಿಸ್ತಿದ್ದಿದ್ದು ಬಹುಪಾಲು ದಲಿತ ಕುಟುಂಬಗಳ ಮಕ್ಕಳಿಗೆ, ಬಳಸಿಕೊಂಡಿದ್ದು ಊರಿನ ದೊಡ್ಡವರು. ನಮ್ಮ ರಾಜ್ಯ ಇದನ್ನ ನಿಷೇಧಿಸಿ ಕಾನೂನು ಮಾಡಿದ್ದು 1982ರಲ್ಲಿ, ಆದ್ರೂ ಗುಟ್ಟಾಗಿ ಎಷ್ಟೋ ವರ್ಷ ನಡೀತು. ಜೊತೆಗೆ ಬರ ಬಿದ್ದ ವರ್ಷ ಗಂಡಸರು ದುಡಿಯೋಕೆ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗ್ತಿದ್ರು, ತಿಂಗಳುಗಟ್ಟಲೆ ಮನೆಯಿಂದ ದೂರ. ಅಲ್ಲಿ ಹಬ್ಬಿದ್ದಕ್ಕೆ ಆ ಜನರ ಸಂಸ್ಕಾರ ಕಮ್ಮಿ ಇದ್ದಿದ್ದು ಕಾರಣ ಅಂತ ಯಾರಾದ್ರೂ ಹೇಳಿದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರತ್ತೆ. ಬಡತನ, ಜಾತಿ, ಹೆಣ್ಣಿನ ಮೈ ಮೇಲೆ ಹೆಣ್ಣಿಗೇ ಅಧಿಕಾರ ಇಲ್ಲದಿರೋದು, ಇವೆಲ್ಲ ಸೇರಿ ಆಗಿದ್ದು ಅದು.

ಕಮ್ಮಿ ಆಗಿದ್ದು ಹೇಗೆ ಅನ್ನೋದೂ ಮುಖ್ಯ. ಬೈದು, ನೀತಿ ಪಾಠ ಹೇಳಿ ಕಮ್ಮಿ ಆಗ್ಲಿಲ್ಲ. ಸುಮಾರು 2003–04ರಿಂದ ಸೆಕ್ಸ್ ವರ್ಕರ್ ಮಹಿಳೆಯರನ್ನೇ ಸಂಘಟನೆ ಮಾಡಿ, ಅವ್ರಲ್ಲೇ ಕೆಲವ್ರಿಗೆ ತರಬೇತಿ ಕೊಟ್ಟು, ಕಾಂಡೋಮ್ ಹಂಚಿಸಿ, ಲೈಂಗಿಕ ಕಾಯಿಲೆಗೆ ಮರ್ಯಾದೆಯಿಂದ ಚಿಕಿತ್ಸೆ ಸಿಗೋ ಹಾಗೆ ಮಾಡಿದ್ರು, ಪೊಲೀಸರ ಹೊಡೆತದ ವಿರುದ್ಧ ಅವ್ರು ಒಟ್ಟಾಗಿ ನಿಲ್ಲೋ ಹಾಗಾಯ್ತು. ಮೈಸೂರಿನ ಆಶೋದಯ ಸಮಿತಿ ಇದಕ್ಕೆ ಒಳ್ಳೆ ಉದಾಹರಣೆ, ಬೇರೆ ದೇಶಗಳಿಂದ ಜನ ಬಂದು ಅವ್ರ ಕೆಲಸ ನೋಡಿ ಕಲಿತಿದಾರೆ. ಸಮಾಜ ಯಾರನ್ನ ರೋಗದ ಮೂಲ ಅಂತ ದೂರ ಇಟ್ಟಿತ್ತೋ, ರೋಗ ತಡೆಯೋ ಕೆಲಸ ಮುಂದೆ ನಿಂತು ಮಾಡಿದ್ದು ಅವ್ರೇ.

ಈಗ ನಿಮ್ಮ ಮಗನ ಕಾಲೇಜಿನ ವಿಷಯಕ್ಕೆ ಬರ್ತೀನಿ. ನಿಮ್ಮ ಭಯ ಹೊಸದೇನಲ್ಲ, 2007ರಲ್ಲಿ ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಬಂದಾಗ ಇದು ನಮ್ಮ ಸಂಸ್ಕೃತಿಗೆ ಒಗ್ಗಲ್ಲ ಅಂತ ಗಲಾಟೆ ಆಗಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನ ನಿಲ್ಲಿಸಿದ್ವು. ಅದ್ರಿಂದ ನಮ್ಮ ಮಕ್ಕಳು ಶುದ್ಧವಾಗಿ ಉಳಿದ್ರಾ? ಇಲ್ಲ, ಅವ್ರಿಗೆ ಮೇಷ್ಟ್ರ ಬದಲು ಮೊಬೈಲು ಪಾಠ ಹೇಳ್ತು, ಅದೂ ಬ್ಲೂ ಫಿಲಂ ರೂಪದಲ್ಲಿ, ಅದ್ರಲ್ಲಿ ಒಪ್ಪಿಗೆ ಅನ್ನೋದೂ ಇರಲ್ಲ, ಕಾಂಡೋಮೂ ಇರಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ಎಚ್‌ಐವಿ ಬಗ್ಗೆ ಪೂರ್ತಿ ಸರಿಯಾದ ತಿಳುವಳಿಕೆ ಇದ್ದಿದ್ದು ದೇಶದಲ್ಲಿ ನೂರಕ್ಕೆ ಸುಮಾರು 22 ಹೆಂಗಸರಿಗೆ, 31 ಗಂಡಸರಿಗೆ ಮಾತ್ರ. ಮೊದಲ ಕೇಸ್ ಸಿಕ್ಕಿ ಮೂವತ್ತು ವರ್ಷ ದಾಟಿದ ಮೇಲೂ ಇಷ್ಟೇ. ಇನ್ನು ತಲೆ ಕೆಡತ್ತಾ ಅಂದ್ರೆ, ಹಲವು ದೇಶಗಳಲ್ಲಿ ಇದನ್ನ ಅಧ್ಯಯನ ಮಾಡಿ ನೋಡಿದಾರೆ, ಸರಿಯಾಗಿ ಹೇಳಿಕೊಟ್ಟ ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಸೆಕ್ಸ್ ಶುರು ಮಾಡಲ್ಲ, ಎಷ್ಟೋ ಕಡೆ ತಡವಾಗಿ ಶುರು ಮಾಡ್ತಾರೆ, ಮಾಡಿದಾಗ ಎಚ್ಚರಿಕೆಯಿಂದ ಇರ್ತಾರೆ. ನಿಮ್ಮ ಮಗನ ಕಾಲೇಜಿನೋರು ಮಾಡಿದ್ದು ಸರಿಯಾದ ಕೆಲಸ, ಸಾಧ್ಯ ಆದ್ರೆ ಅವ್ರಿಗೆ ಒಂದು ಥ್ಯಾಂಕ್ಸ್ ಹೇಳಿ.

ಇನ್ನೊಂದು, ನಾಚಿಕೆ ಮತ್ತೆ ಭಯ ಹೇಗೆ ಸೋಂಕು ಹರಡಿಸತ್ತೆ ಅನ್ನೋದು. ಎಚ್‌ಐವಿ ಬಂದು ಎಂಟು ಹತ್ತು ವರ್ಷ ಏನೂ ಲಕ್ಷಣ ಇಲ್ಲದೇನೂ ಇರಬಹುದು. ಟೆಸ್ಟ್ ಮಾಡಿಸಿದ್ರೆ ಮಾತ್ರ ಗೊತ್ತಾಗತ್ತೆ. ಆದ್ರೆ ಟೆಸ್ಟ್ ಮಾಡಿಸೋಕೆ ಹೋದೋನನ್ನ ಊರಿನೋರು ಯಾರಾದ್ರೂ ನೋಡಿದ್ರೆ? ಹುಡುಗನಿಗೆ ಗುಪ್ತಾಂಗದಲ್ಲಿ ಹುಣ್ಣಾದ್ರೆ ಮನೇಲಿ ಹೇಳಕ್ಕಾಗಲ್ಲ, ಮೆಡಿಕಲ್ ಶಾಪಲ್ಲಿ ಯಾವ್ದೋ ಮುಲಾಮು ತಗೊಂಡು ಹಚ್ಕೋತಾನೆ, ಅಂಥ ಹುಣ್ಣಿದ್ರೆ ಎಚ್‌ಐವಿ ತಗಲೋ ಸಾಧ್ಯತೆ ಜಾಸ್ತಿ ಅಂತ ಅವನಿಗೆ ಹೇಳೋರು ಯಾರು. ಹುಡುಗರ ಜೊತೆ ಸಂಬಂಧ ಇರೋ ಹುಡುಗನಂತೂ ಎರಡು ಪಟ್ಟು ಬಚ್ಚಿಟ್ಕೋಬೇಕು. 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದು ಅಪರಾಧ ಅಲ್ಲ ಅಂತ ಹೇಳಿದ್ರೂ ಮನೆಯೋರು ಹುಡುಗಿ ನೋಡಿ ಮದುವೆ ಮಾಡೇ ಮಾಡ್ತಾರೆ, ಆಮೇಲೆ ಅವನ ಜೀವನವೂ ಗುಟ್ಟು, ಆ ಹುಡುಗಿಗೂ ಅಪಾಯ. ಸೂಜಿ ಮೂಲಕ ಡ್ರಗ್ಸ್ ತಗೊಳೋ ಮಕ್ಕಳದ್ದೂ ಇದೇ ಕಥೆ, ಮನೆಯೋರಿಗೆ ಮರ್ಯಾದೆ ಚಿಂತೆ, ಅವ್ರು ಚಿಕಿತ್ಸೆಯಿಂದ ಇನ್ನೂ ದೂರ ಹೋಗ್ತಾರೆ.

ಈ ಭಯ ಎಲ್ಲ ಇರೋದು ಹಳೇ ಕಾಲದ ಎಚ್‌ಐವಿ ಬಗ್ಗೆ. ಔಷಧಿ ಇಷ್ಟು ಬದಲಾಗಿದೆ, ನಮ್ಮ ಮನಸ್ಸು ಮಾತ್ರ 1990ರಲ್ಲೇ ನಿಂತಿದೆ. 2004ರ ಏಪ್ರಿಲ್‌ನಿಂದ ಸರ್ಕಾರ ಎಆರ್‌ಟಿ, ಅಂದ್ರೆ ವೈರಸ್ಸನ್ನ ಹತೋಟೀಲಿಡೋ ಔಷಧಿ, ಫ್ರೀ ಕೊಡ್ತಿದೆ, 2017ರಿಂದ ಸೋಂಕು ಗೊತ್ತಾದ ತಕ್ಷಣ ಶುರು ಮಾಡ್ತಾರೆ. ದಿನಾ ಮಾತ್ರೆ ತಪ್ಪದೆ ತಗೊಂಡು ರಕ್ತದಲ್ಲಿ ವೈರಸ್ಸು ಟೆಸ್ಟಲ್ಲಿ ಸಿಗದಷ್ಟು ಕಮ್ಮಿ ಆಗಿ, ಹಾಗೇ ಉಳಿದ್ರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಅದು ಹರಡೋದೇ ಇಲ್ಲ, ಇದು ಸಾವಿರಾರು ಜೋಡಿಗಳನ್ನ ವರ್ಷಗಟ್ಟಲೆ ಗಮನಿಸಿ ಸಾಬೀತಾಗಿರೋ ವಿಷಯ. ತಾಯಿ ಸರಿಯಾಗಿ ಚಿಕಿತ್ಸೆ ತಗೊಂಡ್ರೆ ಮಗುಗೆ ಬರೋ ಸಾಧ್ಯತೆ ನೂರಕ್ಕೆ 5ಕ್ಕಿಂತ ಕಮ್ಮಿ, ಚಿಕಿತ್ಸೆ ಇಲ್ದಿದ್ರೆ 15ರಿಂದ 45. ಅಂದ್ರೆ ಟೆಸ್ಟಿಗೆ ಹೋಗೋ ಧೈರ್ಯ ಒಬ್ರಿಗೆ ನಾವು ಕೊಟ್ರೆ ಇನ್ನೊಬ್ರಿಗೆ ಸೋಂಕು ತಪ್ಪಿಸಿದ ಹಾಗೆ.

ಕಾನೂನೂ ಇದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ, ಸೋಂಕಿದೆ ಅಂತ ಕೆಲಸದಿಂದ ತೆಗೆಯೋದು, ಶಾಲೆಗೆ ಸೇರಿಸಿಕೊಳ್ಳದೆ ಇರೋದು, ಚಿಕಿತ್ಸೆ ಕೊಡಲ್ಲ ಅನ್ನೋದು, ಮನೆ ಬಾಡಿಗೆಗೆ ಕೊಡದಿರೋದು, ಇವೆಲ್ಲ ಕಾನೂನಿಗೆ ವಿರುದ್ಧ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡೋ ಹಾಗಿಲ್ಲ. ಮದುವೆಗೆ ಮುಂಚೆ ಹುಡುಗ ಹುಡುಗಿಗೆ ಬಲವಂತವಾಗಿ ಟೆಸ್ಟ್ ಮಾಡಿಸೋಣ ಅನ್ನೋರು ಇದನ್ನ ತಿಳ್ಕೋಬೇಕು. ಇಬ್ರೂ ಮಾತಾಡಿ ಒಪ್ಪಿ ಮಾಡಿಸಿದ್ರೆ ತುಂಬಾ ಒಳ್ಳೇದು, ಜಾತಕ ತೋರಿಸೋಕೆ ಇರೋ ಕಾಳಜಿ ಇದಕ್ಕೂ ಇರಲಿ. ಆದ್ರೆ ಸೋಂಕು ತಗಲಿದ ಮೊದಲ ಕೆಲವು ವಾರ ಟೆಸ್ಟಲ್ಲಿ ನೆಗೆಟಿವ್ ಬರಬಹುದು, ಸಾಮಾನ್ಯ ರ‍್ಯಾಪಿಡ್ ಟೆಸ್ಟಲ್ಲಿ ಮೂರು ತಿಂಗಳವರೆಗೂ. ಹಾಗಾಗಿ ಒಂದು ಕಾಗದ ನೋಡಿ ಜೀವನಪೂರ್ತಿ ನಿಶ್ಚಿಂತೆ ಅನ್ಕೊಳಕ್ಕಾಗಲ್ಲ, ಗಂಡ ಹೆಂಡತಿ ಮಧ್ಯೆ ಬಾಯಿಬಿಟ್ಟು ಮಾತಾಡೋ ಅಭ್ಯಾಸ ಬೇಕೇ ಬೇಕು.

ಮನೇಲಿ ಹೇಗೆ ಶುರು ಮಾಡೋದು ಅಂತ ಕೇಳ್ತೀರ. ಒಂದೇ ದಿನ ಕೂರಿಸಿ ಭಾಷಣ ಮಾಡೋದು ಬೇಡ. ಚಿಕ್ಕ ಮಕ್ಕಳಿಗೆ ಮೈ ಭಾಗಗಳ ಹೆಸರು ಸಂಕೋಚ ಇಲ್ದೆ ಹೇಳಿಕೊಡಿ, ಯಾರು ಮುಟ್ಟಬಾರದು ಅಂತ ಹೇಳಿ. ಹತ್ತು ಹನ್ನೊಂದಕ್ಕೆ ಮುಟ್ಟು, ಮೈಯಲ್ಲಾಗೋ ಬದಲಾವಣೆ, ಇದು ಮಗಳಿಗಷ್ಟೇ ಅಲ್ಲ ಮಗನಿಗೂ ಹೇಳಿ. ಕಾಲೇಜು ವಯಸ್ಸಿನ ನಿಮ್ಮ ಮಗನ ಹತ್ರ ನೇರವಾಗೇ ಮಾತಾಡಬಹುದು, ಆ ಪ್ರೋಗ್ರಾಮಲ್ಲಿ ಏನು ಹೇಳಿದ್ರು ಅಂತ ಕೇಳಿ, ಅವನು ಹೇಳೋದನ್ನ ಮಧ್ಯ ಬಾಯಿ ಹಾಕದೆ ಕೇಳಿಸ್ಕೊಳ್ಳಿ. ಕಾಯಬೇಕು, ಅವಸರ ಬೇಡ ಅನ್ನೋದು ನಿಮ್ಮ ಅಭಿಪ್ರಾಯ ಆಗಿದ್ರೆ ಅದನ್ನೂ ಹೇಳಿ, ತಪ್ಪೇನಿಲ್ಲ, ಆದ್ರೆ ಅದ್ರ ಜೊತೆಗೇ ಈ ಮಾತು ಸೇರಿಸಿ: 'ಏನೇ ಆದ್ರೂ ಮೊದ್ಲು ನಮ್ಮ ಹತ್ರ ಬಾ, ನಾವು ಬೈಯಲ್ಲ, ಆಸ್ಪತ್ರೆಗೆ ಜೊತೆಗೆ ಬರ್ತೀವಿ'. ಹೆಣ್ಣು ಬೇಡ ಅಂದ್ರೆ ಬೇಡ ಅಂತಾನೇ ಅರ್ಥ ಅಂತ ಮಗನಿಗೆ ಹೇಳಿ. ಮಗಳಿಗೆ ಬೇಡ ಅನ್ನೋ ಹಕ್ಕು ಮದುವೆ ಆದ ಮೇಲೂ ಇರತ್ತೆ ಅಂತ ಹೇಳಿ.

ಮೊದ್ಲು ನಮ್ಮ ಹತ್ರ ಬಾ ಅನ್ನೋ ಮಾತು ಯಾಕೆ ಅಷ್ಟು ಮುಖ್ಯ ಅಂದ್ರೆ, ಸೋಂಕು ತಗಲಿರಬಹುದು ಅನ್ನೋ ಘಟನೆ ಆದ ಮೇಲೆ 72 ಗಂಟೆ ಒಳಗೆ ಪಿಇಪಿ ಅನ್ನೋ ಔಷಧಿ ಶುರು ಮಾಡಿ 28 ದಿನ ತಗೊಂಡ್ರೆ ಸೋಂಕು ತಡೆಯೋಕೆ ಒಳ್ಳೆ ಅವಕಾಶ ಇದೆ, ಎಷ್ಟು ಬೇಗ ಶುರು ಮಾಡಿದ್ರೆ ಅಷ್ಟು ಒಳ್ಳೇದು. ಅಪ್ಪಂಗೆ ಹೆದರಿ ಒಂದು ವಾರ ರೂಮಲ್ಲಿ ಕೂತ್ರೆ ಆ ಅವಕಾಶ ಹೋಯ್ತು. ಜಿಲ್ಲಾಸ್ಪತ್ರೆ, ತಾಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಟೆಸ್ಟು, ಆಪ್ತ ಸಮಾಲೋಚನೆ ಎರಡೂ ಉಚಿತ, ವಿಷಯ ಗುಟ್ಟಾಗಿಡ್ತಾರೆ. ಲೈಂಗಿಕ ಕಾಯಿಲೆಗಳಿಗೆ ಸುರಕ್ಷಾ ಕ್ಲಿನಿಕ್ ಇದೆ. ಫೋನಲ್ಲೇ ಕೇಳ್ಬೇಕು ಅಂದ್ರೆ ಏಡ್ಸ್ ಸಹಾಯವಾಣಿ 1097ಕ್ಕೆ ಮಾಡಿ, ಕಾಲ್ ಫ್ರೀ, ನಂಬರು ಮಗನ ಮೊಬೈಲಲ್ಲೂ ಮಗಳ ಮೊಬೈಲಲ್ಲೂ ಸೇವ್ ಮಾಡಿಸಿ.